ಗೊಜ್ಜು ನೀರಲ್ಲ

ನಮ್ಮ ದೊಡ್ಡಮ್ಮನಿಗೆ ಟಾಪಿನ ಮೇಲೆ ನಂಬಿಕೆಯಿಲ್ಲ. ಟಾಪು ಅಂದರೆ ಬಸ್ಸಿನ ಟಾಪು. ತಿಪಟೂರಿನಿಂದ ಬೆಂಗಳೂರಿಗೆ ನಲವತ್ತು ವರ್ಷ ಕೆಂಪು ಬಸ್ಸಿನಲ್ಲಿ ಓಡಾಡಿದವಳು ಒಂದು ಸಲವೂ ಒಂದು ಚೀಲವನ್ನೂ ಮೇಲೆ ಹಾಕಿಸಿದವಳಲ್ಲ. "ಮೇಲೆ ಹೋದದ್ದು ದೇವರದು, ಮಡಿಲಲ್ಲಿರೋದು ನಮ್ದು" ಅನ್ನುವುದು ಅವಳ ಸಿದ್ಧಾಂತ. ಮಗಳ ಬಾಣಂತನಕ್ಕೆಂದು ಮೊದಲ ಸಲ ನ್ಯೂಜೆರ್ಸಿಗೆ ಹೊರಟಾಗ ವಿಮಾನದ ಹೊಟ್ಟೆಯನ್ನೂ ಅವಳು ಟಾಪಿನ ಲೆಕ್ಕಕ್ಕೇ ಸೇರಿಸಿದಳು. ಅಲ್ಲಿಗೆ ಹೋಗುವ ಎರಡು ದೊಡ್ಡ ಸೂಟ್‌ಕೇಸಿನಲ್ಲಿ ಸೀರೆ, ಹಪ್ಪಳ, ಶ್ಯಾವಿಗೆ, ಮಗುವಿನ ಕುಲಾವಿ. ಹೋದರೆ ಹೋಗಲಿ ಅನ್ನುವಂಥವು. ಹೋಗಲೇಬಾರದಂಥವು ಕೈಚೀಲಕ್ಕೆ: ಪುಳಿಯೋಗರೆ ಗೊಜ್ಜು, ಮಾವಿನಕಾಯಿ ತೊಕ್ಕು, ನೆಲ್ಲಿಕಾಯಿ ಉಪ್ಪಿನಕಾಯಿ, ಒಂದು ಸೇರು ತುಪ್ಪ.

ಅಂದರೆ, ಕೈಚೀಲದಲ್ಲಿ ಏನೇನು ಒಯ್ಯಬಾರದು ಅಂತ ಲೋಕದ ಸರ್ಕಾರಗಳೆಲ್ಲ ಸೇರಿ ತೀರ್ಮಾನ ಮಾಡಿವೆಯೋ ಅದಿಷ್ಟೂ ಅವಳ ಕೈಚೀಲದಲ್ಲಿತ್ತು. ಆ ಚೀಲದ್ದನ್ನು ಈ ಚೀಲಕ್ಕೆ ಅದಲುಬದಲು ಮಾಡಿದ್ದರೆ ನಾನು ಬರೆಯುವುದಕ್ಕೇ ಏನೂ ಇರುತ್ತಿರಲಿಲ್ಲ. ನಾವೆಲ್ಲ ಹೇಳಿದೆವು. ಆದರೆ ಆ ಮೊದಲ ಪ್ರಯಾಣದಲ್ಲೇ ಒಂದು ಸೂಟ್‌ಕೇಸು ಮೂರು ದಿನ ತಡವಾಗಿ ತಲುಪಿತು. ಆಮೇಲೆ ನಾವು ಹೇಳುವುದನ್ನು ಬಿಟ್ಟೆವು.

ಇಂಥ ದೊಡ್ಡಮ್ಮಂದಿರನ್ನು ನೀವೂ ನೋಡಿರುತ್ತೀರಿ. ನಡುರಾತ್ರಿ ಹೊರಡುವ ವಿಮಾನದ ಸಾಲಿನಲ್ಲಿ ಸೀರೆಯ ಕೆಳಗೆ ಮಗಳು ಕಳಿಸಿದ ಬಿಳಿ ಶೂ, ಸೀರೆಯ ಮೇಲೆ ಅಳಿಯ ಕೊಡಿಸಿದ ಸ್ವೆಟರು, ಕೊರಳಲ್ಲಿ ಪಾಸ್‌ಪೋರ್ಟಿನ ಸಂಚಿ, ಕಾಲ ಸಂದಿಯಲ್ಲಿ ಬಿಗಿಯಾಗಿ ಒತ್ತಿ ಹಿಡಿದ ಒಂದು ಚೀಲ. ಪಾಸ್‌ಪೋರ್ಟನ್ನು ಯಾರು ಕೇಳಿದರೂ ಕೊಟ್ಟುಬಿಡುತ್ತಾರೆ. ಚೀಲ ಕೊಡುವುದಿಲ್ಲ.

ನಿಯಮವೇನೋ ಸರಳವೇ. ದೇಶದ ಹೊರಗೆ ಹೋಗುವಾಗ ಕೈಚೀಲದಲ್ಲಿ ನೀರು, ಎಣ್ಣೆ, ಕ್ರೀಮು, ಪೇಸ್ಟು ಏನೇ ಇದ್ದರೂ ಒಂದೊಂದೂ 100 ಎಮ್ಮೆಲ್ ಒಳಗಿನ ಬಾಟ್ಲಿಯಲ್ಲಿರಬೇಕು. ಅವೆಲ್ಲ ಸೇರಿ ಒಂದು ಲೀಟರಿನ ಒಂದೇ ಪಾರದರ್ಶಕ ಸಂಚಿಯೊಳಗೆ ಹಿಡಿಸಬೇಕು. ಸಂಚಿಯ ಬಾಯಿ ಮುಚ್ಚಿರಬೇಕು. ಇದನ್ನು ನಾನು ಓದಿ ಹೇಳಿದಾಗ ದೊಡ್ಡಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಸರಿ. ನೀರು ಬೇಡ ಅಂದ್ರು. ಗೊಜ್ಜಿಗೇನು ಹೇಳಿದಾರೆ?"

ಗೊಜ್ಜೂ ಅದರಲ್ಲೇ ಬರುತ್ತೆ ಅಂದೆ.

"ಯಾರಯ್ಯ ಅವನು, ಗೊಜ್ಜು ನೀರು ಅಂದೋನು?"

ಅವಳ ಸಿಟ್ಟಿನಲ್ಲಿ ನ್ಯಾಯವಿತ್ತು. ನಮ್ಮ ಅಡುಗೆಮನೆಯಲ್ಲಿ ನೀರಿನಿಂದ ಗಟ್ಟಿಯವರೆಗೆ ಎಷ್ಟು ಮೆಟ್ಟಿಲುಗಳಿವೆ ನೋಡಿ. ತಿಳಿಸಾರು, ಸಾರು, ಹುಳಿ, ಕೂಟು, ಗೊಜ್ಜು, ತೊಕ್ಕು, ಪಲ್ಯ. ಸೌಟು ಬಗ್ಗಿಸಿದರೆ ಸುರಿಯುವುದು ಸಾರು, ಬಗ್ಗಿಸಿದರೆ ಬೀಳುವುದು ಹುಳಿ, ಬಗ್ಗಿಸಿದರೂ ಯೋಚನೆ ಮಾಡುವುದು ಗೊಜ್ಜು, ಸೌಟನ್ನೇ ಹಿಡಿದುಕೊಳ್ಳುವುದು ತೊಕ್ಕು. ಹುಳಿಗೆ ಒಂದು ಹಿಡಿ ಬೇಳೆ ಕಮ್ಮಿಯಾದರೆ "ಇದೇನು ಸಾರೋ ಹುಳಿಯೋ" ಅಂತ ಸೊಸೆಯನ್ನು ಆಡಿಕೊಳ್ಳುವ ಜನ ನಾವು. ಇಷ್ಟು ನಯವಾದ ಶಾಸ್ತ್ರವನ್ನು ಭದ್ರತೆಯವರು ಎರಡೇ ಜಾತಿ ಮಾಡಿ ಮುಗಿಸಿದ್ದಾರೆ. ಗಟ್ಟಿಯಿದ್ದರೆ ಬಾ, ಇಲ್ಲದಿದ್ದರೆ ಬುಟ್ಟಿಗೆ. ಅಮೆರಿಕದಲ್ಲಂತೂ ಕಡಲೆಕಾಯಿ ಬೆಣ್ಣೆಯೂ ದ್ರವವೇ. ಸುರಿಯಲು ಬಂದರೆ ಮಾತ್ರವಲ್ಲ, ಸವರಲು ಬಂದರೂ ದ್ರವ. ತುಪ್ಪದ ವಿಷಯವಂತೂ ಇನ್ನೂ ಕಷ್ಟ. ಧನುರ್ಮಾಸದಲ್ಲಿ ಮರಳು ಮರಳಾಗಿ ಚಮಚ ಮುರಿಯುವಷ್ಟು ಗಟ್ಟಿ, ಯುಗಾದಿ ಹೊತ್ತಿಗೆ ನೀರು. "ಯಾವ ಮಾಸದಲ್ಲಿ ಹೊರಟ್ರೆ ಬಿಡ್ತಾರೆ ಕೇಳು" ಅಂದಳು ದೊಡ್ಡಮ್ಮ.

ಮೊದಲ ಸಲ ಸ್ಟೀಲ್ ಡಬ್ಬಿಯ ಗೊಜ್ಜು ಹೋಯಿತು. ಡಬ್ಬಿಯ ಮೇಲೆ ಅವಳ ಮದುವೆಯ ತಾರೀಕು ಕೊರೆದಿತ್ತು, ಅದನ್ನು ಮಾತ್ರ ಬಿಡಿಸಿಕೊಂಡು ಬಂದಳು.

ಎರಡನೇ ಸಲ ತಯಾರಿ ಮಾಡಿಕೊಂಡಳು. ನೂರು ಎಮ್ಮೆಲ್ ಅಂದರೆ ಎಷ್ಟು ಅಂತ ದೊಡ್ಡಪ್ಪನನ್ನು ಕೇಳಿದಳು. ಅವರು ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. "ಅರೆಪಾವೂ ಇಲ್ಲ" ಅಂದರು. ಅರೆಪಾವೂ ಹಿಡಿಯದ ಬಾಟ್ಲಿ ಯಾರ ಮನೆಯಲ್ಲಿರುತ್ತದೆ? ಎಲ್ಲರ ಮನೆಯಲ್ಲೂ ಇರುತ್ತದೆ. ಕೆಮ್ಮಿನ ಔಷಧಿಯದು! ಬೀದಿಯ ಅಷ್ಟೂ ಮನೆಗಳಿಂದ ಸಿರಪ್ಪಿನ ಬಾಟ್ಲಿ ಬಂದವು. ತೊಳೆದು, ಬಿಸಿಲಿಗೆ ಒಣಗಿಸಿ, ಲಾಳಿಕೆ ಇಟ್ಟು ಒಂದಕ್ಕೆ ತುಪ್ಪ, ಒಂದಕ್ಕೆ ಹರಳೆಣ್ಣೆ, ಉಳಿದವಕ್ಕೆಲ್ಲ ತೆಳ್ಳಗೆ ಮಾಡಿದ ಗೊಜ್ಜು. ಗೊಜ್ಜನ್ನು ತೆಳ್ಳಗೆ ಮಾಡುವಾಗ ಅವಳ ಕಣ್ಣಲ್ಲಿ ನೀರು ಬಂದಿತ್ತಂತೆ, ಮೆಣಸಿನಕಾಯಿ ಹೊಗೆಗಲ್ಲ. ಹತ್ತು ಬಾಟ್ಲಿ, ತಲಾ ನೂರು, ಒಟ್ಟು ಸಾವಿರ, ಅಂದರೆ ಒಂದು ಲೀಟರ್, ಸರಿಹೋಯಿತು ಅಂದರು ದೊಡ್ಡಪ್ಪ. ಆದರೆ ಲೆಕ್ಕದಲ್ಲಿ ಹಿಡಿಸಿದ್ದು ಸಂಚಿಯಲ್ಲಿ ಹಿಡಿಸಬೇಕಲ್ಲ. ಉರುಟು ಬಾಟ್ಲಿಗಳ ನಡುವಿನ ಗಾಳಿಗೆ ಗಣಿತ ಗೊತ್ತಿಲ್ಲ. ಏಳಕ್ಕೇ ಸಂಚಿಯ ಬಾಯಿ ಬಿಗಿದುಕೊಂಡಿತು.

ಆ ಏಳನ್ನೂ ಎತ್ತಿ ಎತ್ತಿ ನೋಡಿದ ಭದ್ರತೆಯ ಹುಡುಗ ಕೇಳಿದ್ದು, "ಇಷ್ಟೊಂದು ಕೆಮ್ಮಾ, ಅಮ್ಮಾ?" ದೊಡ್ಡಮ್ಮ ಸುಳ್ಳು ಹೇಳುವವಳಲ್ಲ. ಮಾತೇ ಆಡಲಿಲ್ಲ. ಒಂದು ಸಲ ಕೆಮ್ಮಿದಳು. ನ್ಯೂಜೆರ್ಸಿಯ ಮನೆಯಲ್ಲಿ ಆರು ತಿಂಗಳು "ಊಟದ ನಂತರ ಎರಡು ಚಮಚ" ಅಂತ ಬರೆದಿದ್ದ ಬಾಟ್ಲಿಯಿಂದ ಪುಳಿಯೋಗರೆ ಕಲಸಿದರು.

ಈ ಗೆಲುವಿನ ನಡುವೆ ಅವಳಿಗೆ ಒಂದೇ ಒಂದು ಕೊರಗು ಉಳಿದಿತ್ತು. ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯ 200 ಎಮ್ಮೆಲ್ ಬಾಟ್ಲಿ ಹೋಯಿತು. ಅದರಲ್ಲಿದ್ದದ್ದು ತಳದಲ್ಲಿ ಎರಡು ಬೆರಳು. ಆದರೆ ನಿಯಮ ನೋಡುವುದು ಬಾಟ್ಲಿ ಎಷ್ಟು ಹಿಡಿಯುತ್ತದೆ ಅಂತ, ಎಷ್ಟಿದೆ ಅಂತಲ್ಲ. "ಖಾಲಿ ಕೊಡಪಾನ ತಗೊಂಡ್ ಹೋದ್ರೆ ನೀರು ತಗೊಂಡ್ ಹೋದೆ ಅಂತಾರೇನೋ?" ಅಂತ ಇವತ್ತಿಗೂ ಕೇಳುತ್ತಾಳೆ. ನನ್ನ ಹತ್ತಿರ ಉತ್ತರವಿಲ್ಲ.

ಇದೆಲ್ಲ ಯಾಕೆ ಬಂತು ಅಂತ ಒಂದು ದಿನ ಕೂತು ಹೇಳಿದೆ. 2006ರ ಆಗಸ್ಟಿನಲ್ಲಿ ಲಂಡನ್ನಿನ ಪೊಲೀಸರು ಒಂದು ಸಂಚು ಹಿಡಿದರು. ತಂಪು ಪಾನೀಯದ ಬಾಟ್ಲಿಗಳಲ್ಲಿ ಸ್ಫೋಟಕ ದ್ರವ ತುಂಬಿ, ಅಟ್ಲಾಂಟಿಕ್ ದಾಟುವ ವಿಮಾನಗಳನ್ನು ಆಕಾಶದಲ್ಲೇ ಸಿಡಿಸುವ ಯೋಜನೆ. ಹಳೆಯ ಎಕ್ಸ್‌ರೇ ಯಂತ್ರದ ಕಣ್ಣಿಗೆ ನೀರೂ ಒಂದೇ, ಹೈಡ್ರೋಜನ್ ಪೆರಾಕ್ಸೈಡೂ ಒಂದೇ. ಹಾಗಾಗಿ ಮೊದಲು ಎಲ್ಲಾ ದ್ರವಗಳನ್ನೂ ನಿಲ್ಲಿಸಿದರು. ಆ ವರ್ಷದ ನವೆಂಬರಿನಲ್ಲಿ ಯೂರೋಪಿನಲ್ಲಿ ಈ 100 ಎಮ್ಮೆಲ್ ಲೆಕ್ಕ ಬಂತು. ಅಮೆರಿಕದವರು ಸೆಪ್ಟೆಂಬರಿನಲ್ಲೇ ಶುರು ಮಾಡಿದ್ದರು. ಆ ಆಗಸ್ಟಿನಲ್ಲಿ ಬ್ರಿಟನ್ನಿನಲ್ಲಿ ಮಗುವಿನ ಹಾಲಿನ ಬಾಟ್ಲಿಯನ್ನೂ ತಾಯಿಯೋ ತಂದೆಯೋ ಎದುರಿಗೇ ಕುಡಿದು ತೋರಿಸಬೇಕಿತ್ತು.

ದೊಡ್ಡಮ್ಮ ಸಂಚನ್ನೂ ಪೆರಾಕ್ಸೈಡನ್ನೂ ಬದಿಗಿಟ್ಟು ಕೊನೆಯ ಮಾತನ್ನು ಮಾತ್ರ ಗಂಟು ಕಟ್ಟಿಕೊಂಡಳು. "ನೋಡು, ಅವರಲ್ಲೂ ಬುದ್ಧಿವಂತರಿದಾರೆ. ತಿಂದು ತೋರಿಸು ಅನ್ನಬೇಕು, ಅದು ನ್ಯಾಯ."

ಮೂರನೇ ಸಲ ಕಚೇರಿಯ ಕೆಲಸದ ಮೇಲೆ ನಾನೂ ಅದೇ ವಿಮಾನದಲ್ಲಿ ಹೊರಟಿದ್ದೆ. ನನ್ನ ದುರದೃಷ್ಟ. ಅಷ್ಟರಲ್ಲಿ ಮಗಳು ಫೋನಿನಲ್ಲಿ ಹೊಸ ಮಂತ್ರ ಹೇಳಿಕೊಟ್ಟಿದ್ದಳು: ಕಲ್ಲಿನಂತೆ ಹೆಪ್ಪುಗಟ್ಟಿದ ಪದಾರ್ಥವನ್ನು ಬಿಡುತ್ತಾರೆ. ಅದು ಅಮೆರಿಕದವರು ತಮ್ಮ ನಿಲ್ದಾಣಗಳಿಗೆ ಮಾಡಿಕೊಂಡದ್ದು. ದೊಡ್ಡಮ್ಮ ಅದನ್ನು ತಿಪಟೂರಿಗೂ ಅನ್ವಯಿಸಿಕೊಂಡಳು. ಗಟ್ಟಿ ಗೊಜ್ಜು, ತೊಕ್ಕು, ತುಪ್ಪ ಮೂರೂ ಬೆಂಗಳೂರಿನ ನಮ್ಮ ಮನೆಯ ಫ್ರೀಜರಿನಲ್ಲಿ ಎರಡು ದಿನ ತಪಸ್ಸು ಮಾಡಿದವು. ಮನೆ ಬಿಡುವಾಗ ತುಪ್ಪದ ಡಬ್ಬಿಯನ್ನು ಬೆರಳಿನಿಂದ ಟಕಟಕ ತಟ್ಟಿ ತೋರಿಸಿದಳು. "ಇದನ್ನ ನೀರು ಅನ್ನಲಿ ನೋಡೋಣ!"

ಹೆಬ್ಬಾಳದ ಮೇಲ್ಸೇತುವೆಯ ಹತ್ತಿರ ಒಂದು ಗಂಟೆ ಕಾರು ಅಲುಗಾಡಲಿಲ್ಲ. ಏಪ್ರಿಲ್ ತಿಂಗಳು. ನಾನು ಗಡಿಯಾರ ನೋಡುತ್ತಿದ್ದೆ, ದೊಡ್ಡಮ್ಮ ಡಬ್ಬಿ ತಟ್ಟುತ್ತಿದ್ದಳು. ಟಕಟಕ ಅನ್ನುತ್ತಿದ್ದದ್ದು ಟಪ್ ಟಪ್ ಆಯಿತು, ಆಮೇಲೆ ಕುಲುಕುಲು ಅಂದಿತು. ಅವಳು ತಟ್ಟುವುದನ್ನು ನಿಲ್ಲಿಸಿದಳು.

ಹಾಗಂತ ನಿಲ್ದಾಣ ತಲುಪುವ ಮೊದಲು ಬೇರೆ ತಾಪತ್ರಯ ಇರಲಿಲ್ಲ ಅಂತಲ್ಲ. ಸೂಟ್‌ಕೇಸಿನಲ್ಲಿ ಕೊಬ್ಬರಿ ಇಟ್ಟಿದ್ದು ಗೊತ್ತಾಗಿ ನಾನೇ ತೆಗೆಸಿದ್ದೆ. ಒಣಕೊಬ್ಬರಿಯಲ್ಲಿ ಎಣ್ಣೆ ಹೆಚ್ಚು, ತನ್ನಷ್ಟಕ್ಕೆ ಬಿಸಿಯೇರಿ ಹೊತ್ತಿಕೊಳ್ಳಬಹುದು ಅಂತ ಅದು ವಿಮಾನದ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿದೆ. ಈ ಮಾತನ್ನು ನಾನು ಹೇಳಬೇಕಾಗಿ ಬಂದದ್ದು ತಿಪಟೂರಿನವಳಿಗೆ. "ನಮ್ಮ ಅಟ್ಟದ ಮೇಲೆ ಹನ್ನೊಂದು ತಿಂಗಳು ಇರುತ್ತೆ ಕಣೋ. ಕೆಳಗೇ ಒಲೆ. ಒಂದು ದಿನ ಹೊತ್ತಿಕೊಂಡಿದೆಯಾ?" ಅಂದವಳು ಆಮೇಲೆ ಯಲಹಂಕ ದಾಟುವವರೆಗೂ ನನ್ನ ಜೊತೆ ಮಾತಾಡಲಿಲ್ಲ.

ಟ್ರೇಯಲ್ಲಿ ಹೋದ ಅವಳ ಚೀಲ ಯಂತ್ರದಾಚೆ ಬಂದು, ನೆಟ್ಟಗೆ ನಮ್ಮ ಕಡೆ ಬಾರದೆ ರೈಲಿನ ಹಾಗೆ ಪಕ್ಕದ ಹಳಿಗೆ ಹೊರಳಿಕೊಂಡಿತು. ಭದ್ರತೆಯ ಹುಡುಗಿ ಉತ್ತರದ ಕಡೆಯವಳು, ನಾಲ್ಕು ಮಾತು ಕನ್ನಡ ಕಲಿತಿದ್ದಳು. ಮೂರು ಡಬ್ಬಿಗಳನ್ನೂ ತೆಗೆದು ಸಾಲಾಗಿಟ್ಟು, "ಅಮ್ಮಾ, ಇದು ಆಗಲ್ಲ" ಅಂದಳು. ದೊಡ್ಡಮ್ಮ ಸೊಂಟದ ಚೀಲದಿಂದ ಚಮಚ ತೆಗೆದಳು. ತಿಂದು ತೋರಿಸುವ ಚಮಚ! ಹುಡುಗಿ ಕೈ ಅಡ್ಡ ಹಿಡಿದಳು. ಗೊಜ್ಜಿನ ವಾಸನೆ ಅಷ್ಟರಲ್ಲಿ ಸಾಲಿಗೆಲ್ಲ ತಲುಪಿ ನಾಲ್ಕಾರು ಮೂಗುಗಳು ಇತ್ತ ತಿರುಗಿದ್ದವು.

ನಾನು ಬುಟ್ಟಿಯ ಕಡೆ ನೋಡಿದೆ. ದೊಡ್ಡಮ್ಮ ತನ್ನ ಚೀಲದ ಕಡೆ ನೋಡಿದಳು. ಅದರಲ್ಲಿ ದಾರಿಗೆಂದು ಕಟ್ಟಿಕೊಂಡ ಹದಿನೆಂಟು ಚಪಾತಿ ಇದ್ದವು.

"ತಾಯೀ, ಚಪಾತಿ ನೀರೋ ಗಟ್ಟಿಯೋ?"

"ಚಪಾತಿ ಓಕೆ ಅಮ್ಮಾ."

"ಚಪಾತಿಗೆ ಏನಾದ್ರೂ ಸವರಿದ್ರೆ?"

ಹುಡುಗಿ ಮೇಲಧಿಕಾರಿಯ ಮುಖ ನೋಡಿದಳು. ಆತ ಎಲ್ಲೋ ದೂರ ನೋಡಿದ. ಅಷ್ಟು ಸಾಕಾಯಿತು. ಸಾಲಿನಿಂದ ಆಚೆ ಬಂದು, ಬೆಂಚಿನ ಮೇಲೆ ಪ್ಲಾಸ್ಟಿಕ್ ಕವರು ಹಾಸಿ, ದೊಡ್ಡಮ್ಮ ಮದುವೆಮನೆಯ ಕೈಯಲ್ಲಿ ಕೆಲಸಕ್ಕೆ ಇಳಿದಳು. ಒಂದಕ್ಕೆ ಗೊಜ್ಜು, ಒಂದಕ್ಕೆ ತೊಕ್ಕು, ಎಲ್ಲಕ್ಕೂ ತುಪ್ಪ. ಸುರುಳಿ ಸುತ್ತಿ ಕಾಗದದಲ್ಲಿ ಮಡಚುವ ಕೆಲಸ ನನ್ನದು. ಗೊಜ್ಜು ಮುಗಿಯಿತು. ತೊಕ್ಕು ಮುಗಿಯಿತು. ತುಪ್ಪ ಇನ್ನೂ ಉಳಿದಿತ್ತು. ಅವಳು ಅತ್ತಿತ್ತ ನೋಡಿ, ಅದನ್ನು ಎರಡೂ ಕೈಗೆ, ಮೊಣಕಾಲಿಗೆ, ಕೊನೆಗೆ ನನ್ನ ನೆತ್ತಿಗೂ ತಟ್ಟಿ, ಖಾಲಿ ಡಬ್ಬಿಯನ್ನು ಯಂತ್ರದೊಳಗೆ ಕಳಿಸಿದಳು. ಚೀಲ ಈ ಸಲ ಹಳಿ ತಪ್ಪಲಿಲ್ಲ. ನಾನು ಮಾತ್ರ ತಪಾಸಣೆಯವನ ಕೈಯಿಂದ ಎರಡು ಸಲ ಜಾರಿದೆ.

ಜರ್ಮನಿಯಲ್ಲಿ ವಿಮಾನ ಬದಲಿಸುವಾಗ ಇನ್ನೊಂದು ತಪಾಸಣೆ. ದ್ರವ ಮುಗಿದಿತ್ತು, ಪುಡಿ ಉಳಿದಿತ್ತು. ಎಂಟು ತಿಂಗಳ ಎರಡನೇ ಮೊಮ್ಮಗುವಿಗೆಂದು ಎರಡು ಕೆಜಿ ರಾಗಿ ಸರಿಹಿಟ್ಟು ಇತ್ತು. 2018ರ ಜೂನ್ ಕೊನೆಯಿಂದ ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ 350 ಎಮ್ಮೆಲ್‌ಗಿಂತ ಹೆಚ್ಚಿನ ಪುಡಿಯನ್ನು ಬಿಡಿಸಿ ನೋಡುತ್ತಾರೆ. ಪುಡಿಯನ್ನೂ ಎಮ್ಮೆಲ್‌ನಲ್ಲಿ ಅಳೆಯುತ್ತಾರೆ ಅಂತ ಕೇಳಿ ದೊಡ್ಡಮ್ಮನಿಗೆ ಮೊದಲ ಸಲ ಅವರ ಮೇಲೆ ಗೌರವ ಬಂತು. ಅವಳೂ ಹಿಟ್ಟನ್ನು ಪಾವಿನಲ್ಲೇ ಅಳೆಯುವವಳು. ಆರಡಿಯ ಆಸಾಮಿ ಪೊಟ್ಟಣ ಬಿಚ್ಚಿ, ಮಣ್ಣಿನ ಬಣ್ಣದ ಹಿಟ್ಟನ್ನು ಬಗ್ಗಿ ನೋಡಿ, ಏನಿದು ಅಂದ. ಮಗುವಿನ ಆಹಾರ ಅಂದೆ. ಮಗು ಎಲ್ಲಿ ಅಂದ. ನ್ಯೂಜೆರ್ಸಿಯಲ್ಲಿ ಅಂದೆ. ಬಟ್ಟೆಯ ಚೂರಿನಿಂದ ಪೊಟ್ಟಣದ ಅಂಚು ಸವರಿ ಯಂತ್ರಕ್ಕೆ ತಿನ್ನಿಸಿದ. ಯಂತ್ರ ಒಪ್ಪಿತು. ಅಷ್ಟರಲ್ಲಿ ಹಿಟ್ಟು ಮೂಗಿಗೆ ಏರಿ ಆತ ಗಟ್ಟಿಯಾಗಿ ಸೀನಿದ. ದೊಡ್ಡಮ್ಮ ತಡಮಾಡದೆ "ಶತಾಯುಸ್ಸು" ಅಂದಳು.

ಹದಿನೆಂಟು ಸುರುಳಿಗಳಲ್ಲಿ ನ್ಯೂಜೆರ್ಸಿ ಕಂಡವು ಮೂರು. ಉಳಿದವನ್ನು ವಿಮಾನದಲ್ಲಿ ನಮ್ಮ ಸಾಲು, ಹಿಂದಿನ ಸಾಲು, ಹುಬ್ಬಳ್ಳಿಯ ಒಂದು ಹೊಸ ಜೋಡಿ ಸೇರಿ ತಿಂದೆವು.

ಮೊನ್ನೆ ಪತ್ರಿಕೆ ಓದುತ್ತಾ ನಾನೇ ಬಾಯಿಬಿಟ್ಟೆ. ಹೊಸ ಬಗೆಯ ಸ್ಕ್ಯಾನರುಗಳು ಬಂದಿವೆ, ಚೀಲದೊಳಗಿನದನ್ನು ಆಸ್ಪತ್ರೆಯ ಸಿ.ಟಿ.ಯ ಹಾಗೆ ಸುತ್ತಲಿಂದಲೂ ನೋಡುತ್ತವೆ. 2025ರಿಂದ ಎಡಿನ್‌ಬರೋದಂಥ ಕೆಲವು ನಿಲ್ದಾಣಗಳಲ್ಲಿ ಒಂದೊಂದು ಬಾಟ್ಲಿ ಎರಡು ಲೀಟರಿನವರೆಗೂ ಇರಬಹುದಂತೆ ಅಂದೆ. ದೊಡ್ಡಮ್ಮ ಮಾವಿನಕಾಯಿ ಹೆಚ್ಚುತ್ತಿದ್ದಳು. ಕೈ ನಿಂತಿತು. ಅಲ್ಲಿಂದ ಹೊರಡುವವರಿಗೆ ಮಾತ್ರ, ಇಲ್ಲಿಂದ ಹೋಗುವವರಿಗಲ್ಲ ಅಂತ ಬಿಡಿಸಿ ಹೇಳಿದೆ. ಅದು ಅವಳ ಕಿವಿಗೆ ಬಿತ್ತೋ ಇಲ್ಲವೋ.

"ಆ ಎಡಿನ್‌ಬರೋದಲ್ಲಿ ನಮ್ಮ ಕಡೆಯೋರು ಯಾರಾದ್ರೂ ಇದಾರೇನೋ?" ಅಂದಳು.