ಭಾನುವಾರದ ಗ್ರಂಥಪಾತ: ಜಿಮ್ಮಿನ ಗೋಡೆಪಟ್ಟಿಯೊಂದರ ಪಾಠಪರಿಶೀಲನೆ

ಪ್ರಸ್ತುತ ಸಂಪ್ರಬಂಧಕ್ಕೆ ಆಕರವಾದ ಮೂಲಪ್ರತಿ ದಕ್ಷಿಣ ಬೆಂಗಳೂರಿನ ಒಂದು ಜಿಮ್ಮಿನಲ್ಲಿದೆ. ಕಟ್ಟಡದ ಕೆಳಗೆ ಹಾರ್ಡ್‌ವೇರ್ ಅಂಗಡಿ, ಪಕ್ಕದಲ್ಲಿ ದರ್ಶಿನಿ, ಮೇಲೆ ಮಾಲೀಕರ ಮನೆ. ಪ್ರತಿ ಒಂದೇ ಹಾಳೆಯದು, ಲ್ಯಾಮಿನೇಟ್ ಆಗಿದೆ, ಎಡಗಡೆಯ ಮೇಲ್ತುದಿ ಬೆವರಿನಿಂದಲೋ ನೀರಿನ ಕ್ಯಾನಿನ ತೇವದಿಂದಲೋ ಉಬ್ಬಿಕೊಂಡಿದೆ. ಲಿಪಿಕಾರನ ಹೆಸರಿಲ್ಲ, ಕಾಲದ ಉಲ್ಲೇಖವಿಲ್ಲ. ಭಾಷೆ ಇಂಗ್ಲಿಷ್, ಕಾಗುಣಿತ ಸ್ವತಂತ್ರ. ಪಾಠ ಹೀಗಿದೆ: ಸೋಮವಾರ ಚೆಸ್ಟ್, ಮಂಗಳವಾರ ಬ್ಯಾಕ್, ಬುಧವಾರ ಶೋಲ್ಡರ್, ಗುರುವಾರ ಲೆಗ್ಸ್, ಶುಕ್ರವಾರ ಬೈಸೆಪ್ಸ್ ಟ್ರೈಸೆಪ್ಸ್, ಶನಿವಾರ ಆಬ್ಸ್. ಭಾನುವಾರದ ಮನೆಯಲ್ಲಿ ಏನೂ ಇಲ್ಲ.

ಈ ಖಾಲಿ ಮನೆಯ ಮೇಲೆ ವಿದ್ವಾಂಸರ ಕಣ್ಣು ಇದುವರೆಗೆ ಬೀಳದಿರುವುದು ಕನ್ನಡ ಸಂಶೋಧನೆಯ ದೌರ್ಭಾಗ್ಯವೆಂದೇ ಹೇಳಬೇಕು. ಬಿ. ಎಲ್. ರೈಸ್ ಅವರು ಹಳೆಯ ಮೈಸೂರಿನ ಊರೂರು ಸುತ್ತಿಸಿ ಸಿಕ್ಕ ಕಲ್ಲುಗಳನ್ನೆಲ್ಲ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಸೇರಿಸಿದರು. ಜಿಮ್ಮಿನ ಗೋಡೆಗಳು ಅವರ ಕೈತಪ್ಪಿದವು. ಆ ಕೊರತೆಯನ್ನು ತುಂಬಲು ಪ್ರಸ್ತುತ ಲೇಖಕ ಹೊರಟಿದ್ದಾನೆ. ತಟಸ್ಥ ದೃಷ್ಟಿಗೆ ಭಂಗ ಬರಬಾರದೆಂದು ಕ್ಷೇತ್ರಕಾರ್ಯದ ಉದ್ದಕ್ಕೂ ಅವನು ಒಂದು ಡಂಬಲ್ಲನ್ನೂ ಮುಟ್ಟಿಲ್ಲ ಎಂಬುದನ್ನು ಇಲ್ಲಿಯೇ ದಾಖಲಿಸತಕ್ಕದ್ದು.

ಖಾಲಿ ಮನೆಯ ಕುರಿತು ಮೂರು ಪಂಥಗಳಿವೆ. ಮೊದಲನೆಯವರು ಲುಪ್ತವಾದಿಗಳು. ಇವರ ಪ್ರಕಾರ ಅಲ್ಲಿ ಮೂಲತಃ ಏನೋ ಬರೆದಿತ್ತು, ಕಾಲಕ್ರಮದಲ್ಲಿ ಅಳಿಸಿಹೋಗಿದೆ; ಹುಡುಕಿದರೆ ಬೇರೆ ಬ್ರಾಂಚಿನ ಪ್ರತಿಯಲ್ಲಿ ಸಿಕ್ಕೀತು. ಎರಡನೆಯವರು ಪೂರಣವಾದಿಗಳು. ಇದ್ದಿತೋ ಇಲ್ಲವೋ, ಖಾಲಿ ಬಿಡುವುದು ಗಂಡಸುತನಕ್ಕೆ ಅವಮಾನ, ಏನಾದರೂ ಬರೆಯಲೇಬೇಕು ಎನ್ನುವವರು. ಬರೆದೂ ಇದ್ದಾರೆ. ಲ್ಯಾಮಿನೇಷನ್ನಿನ ಮೇಲೆ ಬಾಲ್‌ಪೆನ್ನು ಹತ್ತುವುದಿಲ್ಲವಾದರೂ ವಾರೆಗಣ್ಣಿಗೆ ಮೂರು ಬೇರೆ ಬೇರೆ ಕೈಬರಹಗಳು ಕಾಣುತ್ತವೆ: ಒಂದು ‘ಕಾರ್ಡಿಯೋ’, ಇನ್ನೊಂದು ‘ಆಬ್ಸ್ ಅಗೇನ್’, ಮತ್ತೊಂದು ಬರೀ ‘ಬೈಸೆಪ್ಸ್’, ಮುಂದೆ ಮೂರು ಉದ್ಗಾರ ಚಿಹ್ನೆ. ಇವು ಪ್ರಕ್ಷಿಪ್ತವೆಂಬುದರಲ್ಲಿ ಸಂದೇಹವಿಲ್ಲ. ಮೂರನೆಯವರು ಶೂನ್ಯವಾದಿಗಳು, ಖಾಲಿ ಇರುವುದೇ ಅಲ್ಲಿಯ ಪಾಠ ಎನ್ನುವವರು. ಇವರ ಸಂಖ್ಯೆ ಕಡಿಮೆ. ಭಾನುವಾರ ಜಿಮ್ಮಿಗೆ ಬರುವುದಿಲ್ಲವಾದ್ದರಿಂದ ಇವರ ಹೇಳಿಕೆ ಸಂಗ್ರಹಿಸುವುದೂ ಕಷ್ಟವಾಯಿತು.

ಪ್ರಾಸಂಗಿಕವಾಗಿ ಒಂದು ಮಾತು. ಗುರುವಾರದ ಪಾಠ ಗೋಡೆಯ ಮೇಲೆ ಅತ್ಯಂತ ಸ್ಪಷ್ಟವಾಗಿದ್ದರೂ ಸದಸ್ಯರ ದೇಹಗಳಲ್ಲಿ ಮಾತ್ರ ಲುಪ್ತವಾಗಿದೆ. ಸೊಂಟದ ಮೇಲೆ ಹೊಯ್ಸಳ ಶಿಲ್ಪ, ಕೆಳಗೆ ನಲ್ಲಿ ಪೈಪು. ಇದು ಪ್ರತ್ಯೇಕ ಸಂಪ್ರಬಂಧಕ್ಕೆ ಯೋಗ್ಯವಾದ ವಿಷಯ.

ಬಾಹ್ಯ ಸಾಕ್ಷ್ಯಗಳಲ್ಲಿ ಮೊದಲನೆಯದು ಬಾಗಿಲ ಬಳಿ ತೂಗುಹಾಕಿರುವ ‘ಬಿಫೋರ್–ಆಫ್ಟರ್’ ಚಿತ್ರಪಟ. ಇದನ್ನು ನಮ್ಮ ವೀರಗಲ್ಲುಗಳ ಮುಂದುವರಿಕೆ ಎಂದು ಗುರುತಿಸಲು ಹೆಚ್ಚಿನ ಪಾಂಡಿತ್ಯ ಬೇಕಾಗಿಲ್ಲ. ಆದರೆ ಸಾಮಾನ್ಯವಾಗಿ ವೀರಗಲ್ಲಿನಲ್ಲಿ ಪಟ್ಟಿಕೆಗಳು ಮೂರು: ಕೆಳಗಡೆ ಕಾಳಗ, ಮಧ್ಯದಲ್ಲಿ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲ್ಗಡೆ ಶಿವಸಾನ್ನಿಧ್ಯ. ಜಿಮ್ಮಿನ ಪಟದಲ್ಲಿ ಎರಡೇ ಪಟ್ಟಿಕೆ. ಹೊಟ್ಟೆಯವನು ಒಂದು ಕಡೆ, ಹೊಟ್ಟೆಯಿಲ್ಲದವನು ಇನ್ನೊಂದು ಕಡೆ. ವೀರನು ಕೈಕಾಲು ಆಡಿಸದೆ, ಯಾರೋ ಹೊತ್ತೊಯ್ಯುವಾಗ ತೆಪ್ಪಗೆ ಒರಗಿರುವ ನಡುವಣ ಪಟ್ಟಿಕೆ ಎಲ್ಲಿ ಹೋಯಿತು? ಪ್ರಸ್ತುತ ಲೇಖಕನ ಪ್ರತಿಪಾದನೆ ಏನೆಂದರೆ, ಅದೇ ಭಾನುವಾರ. ಶಿಲ್ಪಿಗೆ ಗೊತ್ತಿದ್ದದ್ದು ಫೋಟೋಗ್ರಾಫರಿಗೆ ಮರೆತಿದೆ.

ಗ್ರಂಥಾಂತರ ಪ್ರಮಾಣಗಳಿಗೆ ಬಂದರೆ ಪೂರಣವಾದಿಗಳ ಸ್ಥಿತಿ ಶೋಚನೀಯ. ಅಷ್ಟಾಂಗಹೃದಯದ ದಿನಚರ್ಯೆಯ ಅಧ್ಯಾಯದಲ್ಲಿ ವಾಗ್ಭಟ ಹೇಳುವುದನ್ನು ನೋಡಿ: ಬಲಶಾಲಿಯಾಗಿ ಜಿಡ್ಡಿನ ಊಟ ಮಾಡುವವನು ಕೂಡ ಚಳಿಗಾಲದಲ್ಲಿ ಮತ್ತು ವಸಂತದಲ್ಲಿ ತನ್ನ ಶಕ್ತಿಯ ಅರ್ಧದಷ್ಟು ವ್ಯಾಯಾಮ ಮಾಡಬೇಕು, ಮಿಕ್ಕ ಕಾಲದಲ್ಲಿ ಅದಕ್ಕಿಂತ ಕಡಿಮೆ. ಅರ್ಧ ಮುಗಿಯಿತೆಂದು ತಿಳಿಯುವುದು ಹೇಗೆ ಎಂಬ ಶಂಕೆಗೆ ಸುಶ್ರುತ ಸಂಹಿತೆಯಲ್ಲಿ ಉತ್ತರವಿದೆ: ಉಸಿರು ಬಾಯಿಗೆ ಬಂದಾಗ. ಸರಿಯಾಗಿ ಅದೇ ಕ್ಷಣದಲ್ಲಿ ನಮ್ಮ ಟ್ರೈನರು ಹೇಳುವುದು, “ಈಗ ಶುರು ಸಾರ್, ಇನ್ನೆರಡು ಹೊಡೀರಿ.” ಆಯುರ್ವೇದ ಮುಕ್ತಾಯವಾಗುವ ಜಾಗದಲ್ಲಿ ಜಿಮ್ಮು ಪ್ರಾರಂಭವಾಗುತ್ತದೆ ಎಂಬ ಈ ಸಂಗತಿಯನ್ನು ಹಿಂದಿನ ವಿದ್ವಾಂಸರು ಗಮನಿಸಿದಂತಿಲ್ಲ.

ಅತಿಯಾಗಿ ವ್ಯಾಯಾಮ ಮಾಡಿದವನಿಗೆ ಬಾಯಾರಿಕೆ, ಕೃಶತೆ, ಏದುಸಿರು, ಬಳಲಿಕೆ, ಕೆಮ್ಮು, ಜ್ವರ, ವಾಂತಿ ಎಂದು ವಾಗ್ಭಟ ಪಟ್ಟಿ ಕೊಡುತ್ತಾನೆ. ಅದಾದ ಮೇಲೆ ಆನೆಯನ್ನು ಎಳೆಯಲು ಹೋಗಿ ತಾನೇ ಸಾಯುವ ಸಿಂಹದ ಉಪಮೆ. ಸಿಂಹಕ್ಕೆ ಬಲವಿಲ್ಲವೆಂದು ಅವನು ಹೇಳುತ್ತಿಲ್ಲ; ಆನೆಯನ್ನು ಕೊಂದ ಮೇಲೂ ಬಿಡದೆ ಎಳೆಯುವ ಹಟ ಅದರದು ಎಂದು ವ್ಯಾಖ್ಯಾನಿಸಬಹುದು. ಹಾಗೆ ಅತಿ ಮಾಡಬಾರದವುಗಳ ಸಾಲಿನಲ್ಲಿ ವ್ಯಾಯಾಮದ ಪಕ್ಕದಲ್ಲೇ ಜಾಗರಣೆ, ನಡಿಗೆ, ನಗು, ಮಾತು ಎಲ್ಲವೂ ಇವೆ. ಸಂಜೆ ಎರಡು ಗಂಟೆ ವೇಟ್ ಎತ್ತಿ, ಎತ್ತಿದ್ದನ್ನು ಗೆಳೆಯರಿಗೆ ವಿವರಿಸಿ, ನಡುರಾತ್ರಿಯವರೆಗೆ ರೀಲ್ಸ್ ನೋಡಿ ನಗುವ ಇಂದಿನ ತರುಣ ಈ ಸಾಲನ್ನು ಹೆಚ್ಚುಕಡಿಮೆ ಒಂದೇ ದಿನದಲ್ಲಿ ಪೂರೈಸುತ್ತಾನೆ.

ಕನ್ನಡನಾಡಿನ ಪ್ರಮಾಣವೇ ಬೇಕೆನ್ನುವವರಿಗೆ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನಿದ್ದಾನೆ. ಸುಮಾರು 1130ರ ಹೊತ್ತಿಗೆ ಅವನು ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದವೆಂಬ ಭಾಗವೇ ಇದೆ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ ನೋಡಿ ವಿಂಗಡಿಸಿ, ಯಾರು ಹೇಗೆ ಸಾಮು ಮಾಡಬೇಕು, ಏನು ತಿನ್ನಬೇಕು ಎಂದು ಅರಸನೇ ಕೂತು ಬರೆದಿದ್ದಾನೆ. ಬೇಳೆಕಾಳು, ಮಾಂಸ, ಹಾಲು, ಸಿಹಿತಿಂಡಿ ಎಲ್ಲ ಅರಮನೆಯ ಖರ್ಚಿನಲ್ಲಿ. ಈಗಿನ ಮಲ್ಲನು ತಾನೇ ವರ್ಷದ ಫೀಜು ಕಟ್ಟಿ, ಪ್ರೋಟೀನ್ ಡಬ್ಬಿಗೆ ಕಂತು ಕಟ್ಟಿ, ಆ ದುಡ್ಡು ವಸೂಲಾಗಲೆಂದೇ ಭಾನುವಾರವೂ ಬರುತ್ತಾನೆ ಎಂಬುದನ್ನು ನೋಡಿದರೆ, ಅತಿವ್ಯಾಯಾಮದ ಮೂಲ ರಾಜಾಶ್ರಯ ತಪ್ಪಿದ್ದರಲ್ಲಿದೆ ಎಂದು ತೋರುತ್ತದೆ. ಮೈಸೂರಿನ ಗರಡಿಗಳಲ್ಲಿ ದಂಡ, ಬಸ್ಕಿ ಹೊಡೆದು ಮಟ್ಟಿಯಲ್ಲಿ ಹೊರಳಿದ ಪೈಲ್ವಾನರು ಬಾದಾಮಿ ಹಾಲು ಕುಡಿದು, ಹೊಟ್ಟೆ ತುಂಬ ಉಂಡು, ಮಧ್ಯಾಹ್ನ ಗೊರಕೆ ಹೊಡೆದದ್ದನ್ನು ಜನ ಸೋಮಾರಿತನ ಎಂದುಕೊಂಡರು. ಅದು ಪಠ್ಯಕ್ರಮದ ಭಾಗವಾಗಿತ್ತು.

‘ಅತಿಯಾದರೆ ಅಮೃತವೂ ವಿಷ’ ಎಂಬ ಗಾದೆಯನ್ನು ಪ್ರಮಾಣವಾಗಿ ಸ್ವೀಕರಿಸಿಲ್ಲ. ಅದನ್ನು ಹೇಳುವವರು ಸಾಮಾನ್ಯವಾಗಿ ಅಮೃತವನ್ನು ಮುಟ್ಟಿಯೂ ನೋಡದವರು.

ಇನ್ನು ಪಾಶ್ಚಾತ್ಯ ಮತ. 1936ರಲ್ಲಿ ಹಾನ್ಸ್ ಸೆಲ್ಯೆ ಇಲಿಗಳಿಗೆ ನಾನಾ ಬಗೆಯ ಕಾಟ ಕೊಟ್ಟು, ಯಾವ ಕಾಟವಾದರೂ ದೇಹದ ಉತ್ತರ ಮೂರು ಹಂತದ್ದೇ ಎಂದು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ: ಮೊದಲು ಗಾಬರಿ, ಆಮೇಲೆ ಹೊಂದಿಕೆ, ಕಾಟ ನಿಲ್ಲದಿದ್ದರೆ ಕುಸಿತ. ವ್ಯಾಯಾಮವೂ ಒಂದು ಕಾಟವೇ. ಎತ್ತುವ ಹೊತ್ತಿನಲ್ಲಿ ಸ್ನಾಯು ಬೆಳೆಯುವುದಿಲ್ಲ. ಎಳೆಗಳು ಅಲ್ಲಲ್ಲಿ ಹರಿಯುತ್ತವೆ, ಒಳಗೆ ಕೂಡಿಟ್ಟ ಗ್ಲೈಕೋಜನ್ ಖರ್ಚಾಗುತ್ತದೆ. ರಿಪೇರಿಯೂ ಮೇಲ್ಗಟ್ಟುವ ಕೆಲಸವೂ ಆಮೇಲಿನ 24ರಿಂದ 48 ಗಂಟೆಗಳಲ್ಲಿ, ಅದಕ್ಕೆ ಬೇಕಾದ ಸಾಮಾನು ಊಟದಲ್ಲಿ, ಮೇಸ್ತ್ರಿಗಳು ಬರುವುದು ನಿದ್ದೆಯಲ್ಲಿ. ಮೇಸ್ತ್ರಿ ಕೆಲಸ ಮುಗಿಸುವ ಮೊದಲೇ ಅದೇ ಗೋಡೆಯನ್ನು ಮತ್ತೆ ಕೆಡವುವ ಮಾಲೀಕನಿಗೆ ಮನೆ ಎದ್ದೀತೆ?

2013ರಲ್ಲಿ ಯುರೋಪಿನ ಮತ್ತು ಅಮೆರಿಕದ ಕ್ರೀಡಾವಿಜ್ಞಾನದ ಎರಡು ದೊಡ್ಡ ಸಂಸ್ಥೆಗಳು ಒಟ್ಟಾಗಿ ಒಂದು ಹೇಳಿಕೆ ಹೊರಡಿಸಿ, ಅತಿ ಮಾಡುವುದರಲ್ಲೂ ಮೆಟ್ಟಿಲುಗಳನ್ನು ಗುರುತಿಸಿದವು. ಮೊದಲನೆಯದರಲ್ಲಿ ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ ಸುಸ್ತು. ವಿಶ್ರಾಂತಿ ಕೊಟ್ಟರೆ ಮೊದಲಿಗಿಂತ ಬಲ. ಕ್ರೀಡಾಪಟುಗಳ ಕೋಚುಗಳು ಬೇಕೆಂತಲೇ ಇದನ್ನು ಮಾಡಿಸುವುದುಂಟು. ಎರಡನೆಯದರಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಹಿನ್ನಡೆ, ಲಾಭ ಸೊನ್ನೆ. ಮೂರನೆಯದು ನಿಜವಾದ ಕಾಯಿಲೆ. ಎಷ್ಟೋ ತಿಂಗಳು ಚೇತರಿಸಿಕೊಳ್ಳಲಾಗದ ಸ್ಥಿತಿ. ಇದೇ ಅದು ಎಂದು ಬೆರಳಿಟ್ಟು ತೋರಿಸುವ ರಕ್ತಪರೀಕ್ಷೆ ಯಾವುದೂ ಇಲ್ಲ. ರಕ್ತಹೀನತೆಯಲ್ಲ, ಥೈರಾಯ್ಡಲ್ಲ, ಸೋಂಕಲ್ಲ, ಊಟದ ಕೊರತೆಯೂ ಅಲ್ಲ ಎಂದು ಒಂದೊಂದನ್ನೇ ತಳ್ಳಿಹಾಕುತ್ತಾ ಬಂದು ಕೊನೆಗೆ ಉಳಿದದ್ದೇ ಅದು. ನೇತಿ ನೇತಿ ಎಂಬ ನಮ್ಮ ಹಳೆಯ ವಿಧಾನಕ್ಕೆ ಕ್ರೀಡಾವೈದ್ಯರು ಇಷ್ಟು ತಡವಾಗಿ ಬಂದದ್ದನ್ನು ಹೆಮ್ಮೆಯಿಂದ ಗಮನಿಸಬಹುದು.

ಕ್ಷೇತ್ರಕಾರ್ಯದಲ್ಲಿ ದೊರೆತ ಒಂದು ನಿದರ್ಶನ. ಪೂರಣವಾದಿ ಪಂಥದ ಒಬ್ಬ ಸಾಧಕ, ಸಾಫ್ಟ್‌ವೇರ್ ವೃತ್ತಿಯವನು. ವಾರದ ಏಳೂ ದಿನ ಬರುತ್ತಾನೆ. ಎತ್ತುತ್ತಿದ್ದ ತೂಕ ಈಗ ಏಳುತ್ತಿಲ್ಲ, ಆದ್ದರಿಂದ ಸೆಟ್ಟುಗಳನ್ನು ಹೆಚ್ಚಿಸಿದ್ದಾನೆ. ಬೆಳಗ್ಗೆ ಹಾಸಿಗೆಯಲ್ಲಿರುವಾಗಲೇ ನಾಡಿ ಮಾಮೂಲಿಗಿಂತ ಜೋರು. ಮೈ ದಣಿದಿದ್ದರೂ ರಾತ್ರಿ ನಿದ್ದೆಯಿಲ್ಲ. ನೆಗಡಿ ಹೋದ ಹಾಗೆ ಮಾಡಿ ಮತ್ತೆ ಬರುತ್ತದೆ. ಟ್ರೈನರು, ಪುಣ್ಯಾತ್ಮ, “ಒಂದ್ ವಾರ ರೆಸ್ಟ್ ತಗೊಳ್ಳಿ ಬ್ರೋ” ಎಂದ. ಸಾಧಕ ಹೌಹಾರಿದ. “ಬೇಡ ಅಣ್ಣ, ಮಾಡಿದ್ದೆಲ್ಲ ಕರಗೋಗತ್ತೆ.” (ಕರಗುವುದಿಲ್ಲ. ಪಳಗಿದವರಲ್ಲಿ ಎರಡು ಮೂರು ವಾರ ಬಿಟ್ಟರೂ ಬಲ ಬಹುಮಟ್ಟಿಗೆ ನಿಲ್ಲುತ್ತದೆ.) ಮೌಖಿಕ ಪರಂಪರೆಯ ವಕ್ತಾರರಾದ ಅವನ ತಾಯಿಯನ್ನು ಸಂದರ್ಶಿಸಲಾಗಿ ಅವರೆಂದದ್ದು: “ಅನ್ನ ಬಿಟ್ಟ, ನಿದ್ದೆ ಬಿಟ್ಟ. ನನ್ ಮೇಲೆ ರೇಗೋದೊಂದು ಬಿಟ್ಟಿಲ್ಲ ನೋಡಿ.” ದಣಿವಿನ ಪ್ರಮಾಣ ಅಳೆಯಲು ಕ್ರೀಡಾವಿಜ್ಞಾನಿಗಳು ಮನೋಭಾವದ ಪ್ರಶ್ನಾವಳಿಗಳನ್ನು ಬಳಸುತ್ತಾರೆ, ಯಂತ್ರಗಳಿಗಿಂತ ಮೊದಲೇ ಅದರಲ್ಲಿ ಸುಳಿವು ಸಿಗುವುದುಂಟು. ತಾಯಂದಿರಿಗೆ ಪ್ರಶ್ನಾವಳಿಯೂ ಬೇಕಾಗಿಲ್ಲ.

ಅನ್ನ ಬಿಟ್ಟದ್ದರ ಬಗ್ಗೆ ಪ್ರತ್ಯೇಕ ವಿಚಾರಣೆ ಅಗತ್ಯ. ಸಾಧಕನ ದರ್ಶನದಲ್ಲಿ ಆಹಾರವೆಂದರೆ ಪ್ರೋಟೀನ್, ಮಿಕ್ಕದ್ದು ಮಾಯೆ. ಐಸಿಎಂಆರ್ 2020ರಲ್ಲಿ ನಿಗದಿಪಡಿಸಿದ ಪ್ರಕಾರ ಸಾಮಾನ್ಯ ವಯಸ್ಕನಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಸಾಕು. ಎಂದರೆ 60 ಕಿಲೋದವನಿಗೆ ಸುಮಾರು 50 ಗ್ರಾಂ. ನಿಯಮಿತವಾಗಿ ಕಸರತ್ತು ಮಾಡುವವರಿಗೆ 1.2ರಿಂದ 2 ಗ್ರಾಂವರೆಗೆ ಹೇಳುತ್ತಾರೆ. ಒಂದು ಮೊಟ್ಟೆಯಲ್ಲಿ 6 ಗ್ರಾಂ, 100 ಗ್ರಾಂ ರಾಗಿ ಹಿಟ್ಟಿನಲ್ಲಿ 7 ಗ್ರಾಂ ಇದೆ. ಹೀಗಾಗಿ ಬೇಳೆ, ಕಾಳು, ಮೊಸರು, ಮೊಟ್ಟೆ ಹೆಚ್ಚಿಸಬೇಕೆಂಬುದು ನಿಜವೇ; ನಮ್ಮ ತಟ್ಟೆಯಲ್ಲಿ ಅನ್ನದ ಗುಡ್ಡದ ಮುಂದೆ ಸಾರಿನಲ್ಲಿ ಬೇಳೆ ಹುಡುಕಬೇಕಾದ ಸ್ಥಿತಿ ಇರುವುದನ್ನು ಒಪ್ಪಿಕೊಳ್ಳೋಣ. ಆದರೆ ಗುಡ್ಡವನ್ನೇ ಕಿತ್ತುಹಾಕಿ ಏಳು ದಿನ ತೂಕ ಎತ್ತಿದರೆ ಖರ್ಚಾದ ಗ್ಲೈಕೋಜನ್ ತುಂಬುವವರಾರು? ಸೌದೆಯಿಲ್ಲದ ದೇಹ ತಿಂದ ಪ್ರೋಟೀನನ್ನೇ ಉರಿಸುತ್ತದೆ. ಡಬ್ಬಿಗೆ ಕಟ್ಟಿದ ಕಂತೆಲ್ಲ ಒಲೆಗೆ. ಶ್ರಮಕ್ಕೆ ತಕ್ಕ ಊಟವಿಲ್ಲದೆ ದುಡಿಯುವ ಕ್ರೀಡಾಪಟುಗಳ ಬಗ್ಗೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲೇ ಎಚ್ಚರಿಸಿದೆ: ಮೂಳೆ ಸವೆಯುತ್ತದೆ, ಹೆಂಗಸರ ಮುಟ್ಟು ನಿಲ್ಲುತ್ತದೆ, ಗಂಡಸರೂ ಹಾರ್ಮೋನಿನ ಏರುಪೇರಿನಿಂದ ತಪ್ಪಿಸಿಕೊಳ್ಳಲಾರರು. ಅತಿವ್ಯಾಯಾಮವೆಂದು ಬಂದವರಲ್ಲಿ ಎಷ್ಟೋ ಮಂದಿಯ ನಿಜವಾದ ರೋಗ ಹಸಿವು.

ಇಷ್ಟನ್ನು ಓದಿ ನಾಲ್ಕನೆಯ ಪಂಥವೊಂದು ಚಪ್ಪಾಳೆ ತಟ್ಟುತ್ತಿರುವುದು ಲೇಖಕನಿಗೆ ಕೇಳಿಸುತ್ತಿದೆ. ಇವರು ಏಳೂ ಮನೆಗಳನ್ನು ಖಾಲಿ ಬಿಟ್ಟವರು, ಪೂರ್ಣಶೂನ್ಯವಾದಿಗಳು. ಸಂಖ್ಯೆಯಲ್ಲಿ ಎಲ್ಲರಿಗಿಂತ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಶ್ರಮ, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ಕಸರತ್ತು ಎಂದು ಹೇಳಿದೆ. ಲಾಲ್‌ಬಾಗಿನಲ್ಲಿ ಒಂದು ಸುತ್ತು ಹಾಕಿ, ಹೊರಗೆ ಬಂದು ಎರಡು ಮಸಾಲೆ ದೋಸೆಗೆ ವಿಶ್ರಾಂತಿ ತೆಗೆದುಕೊಳ್ಳುವವರೂ ಸೇರಿದಂತೆ, ದಣಿಯದವರಿಗೆ ದಣಿವಾರಿಸಿಕೊಳ್ಳುವ ಅಧಿಕಾರವಿಲ್ಲ. ಈ ಸಂಪ್ರಬಂಧವನ್ನು ಅವರು ಎಲ್ಲಿಯೂ ಉಲ್ಲೇಖಿಸಬಾರದಾಗಿ ಕೋರಿದೆ.

ನಿರ್ಣಯ: ಭಾನುವಾರದ ಮನೆಯಲ್ಲಿ ಗ್ರಂಥಪಾತ ಆಗಿಲ್ಲ, ಪಾಠ ಪೂರ್ಣವಾಗಿದೆ. ಅಲ್ಲಿ ಬಾಲ್‌ಪೆನ್ನಿನಿಂದ ಬರೆದವರು ವಾರಣಾಸಿಯಲ್ಲಿ ಸಾಸಿರ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುವರೆಂದು ಶಾಸನಕಾರರ ಹಾಗೆ ಶಪಿಸುವ ಅಗತ್ಯವಿಲ್ಲ. ಅವರ ಮೊಣಕಾಲೇ ಆ ಕೆಲಸ ಮಾಡುತ್ತದೆ. ಸುಸ್ತು ಎರಡು ವಾರದ ವಿಶ್ರಾಂತಿಗೂ ಹೊಟ್ಟೆ ತುಂಬಿದ ಊಟಕ್ಕೂ ಜಗ್ಗದಿದ್ದರೆ ಡಾಕ್ಟರರಿಗೆ ತೋರಿಸಿ. ಹೊಸದಾಗಿ ಸೇರಿದ ಹುರುಪಿನಲ್ಲಿ ಒಂದೇ ದಿನ ವಿಪರೀತ ಮಾಡಿ, ಮೈಕೈ ಊದಿಕೊಂಡು, ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದ್ದರೆ ಪಾಠಭೇದಗಳ ಚರ್ಚೆಗೆ ಕೂರಬೇಡಿ. ಅದು ಒಡೆದ ಸ್ನಾಯುವಿನ ಕಸ ಮೂತ್ರಪಿಂಡಕ್ಕೆ ಬಡಿಯುತ್ತಿರುವ ಲಕ್ಷಣ. ಆಗಿಂದಾಗಲೇ ಆಸ್ಪತ್ರೆಗೆ ಹೋಗಿ.