ಒಂದು ಕಿಲೋ ಉಸುಕು

ಮಣ್ಣೆತ್ತಿನ ಅಮಾವಾಸ್ಯೆಗೆ ಎರಡು ದಿನ ಇರುವಾಗ ನಮ್ಮ ಮನೆಗೆ ಉಸುಕು ಬಂತು.

‘ಯವ್ವಾ, ಉಸುಕು ಬಂತು’ ಎಂದು ಕಟ್ಟೆಯ ಮೇಲಿಂದಲೇ ಕೂಗಿದೆ. ಅವ್ವ ರೊಟ್ಟಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ನಮ್ಮ ಹಿತ್ತಲ ಗೋಡೆ ಮೂರು ವರ್ಷದಿಂದ ಅರ್ಧಕ್ಕೆ ನಿಂತಿದೆ. ಮಗನಿಗೆ ಕಡೆಗೂ ಬುದ್ಧಿ ಬಂತು ಅನ್ನುವ ಸಮಾಧಾನ ಅವಳ ಮುಖದಲ್ಲಿ ಎದ್ದು ಕಾಣುತ್ತಿತ್ತು. ಓಣಿಯ ಆಚೆ ಈಚೆ ನೋಡಿದಳು.

‘ಟ್ರ್ಯಾಕ್ಟರ್ ಎಲ್ಲೈತಿ?’

ಟ್ರ್ಯಾಕ್ಟರ್ ಇರಲಿಲ್ಲ. ಬೈಕಿನ ಮೇಲೆ ಕೊರಿಯರ್ ಹುಡುಗ ಇದ್ದ. ಅವನು ಅವ್ವನ ಕೈಯಲ್ಲಿ ಒಂದು ಡಬ್ಬಿ ಇಟ್ಟು, ನನ್ನ ಹತ್ತಿರ ಓಟಿಪಿ ಕೇಳಿದ.

‘ಇದೇನೋ ತಮ್ಮಾ?’

‘ಉಸುಕು. ಪುಟ್ಟ್ಯಾಗ ಆಡಾಕ. ಒಂದು ಕಿಲೋ.’

‘ರೊಕ್ಕ?’

‘ಎಂಟ್ನೂರು.’

ಅವ್ವ ಏನೂ ಅನ್ನಲಿಲ್ಲ. ಡಬ್ಬಿಯನ್ನು ಒಮ್ಮೆ ಅಲ್ಲಾಡಿಸಿ, ಹೊಳೆ ಇರುವ ದಿಕ್ಕಿಗೆ ಒಮ್ಮೆ ನೋಡಿ, ರೊಟ್ಟಿ ಸೀಯುತ್ತದೆ ಎಂದು ಒಳಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಹೊಸನಗರದ ಹುಂಚದ ಕಡೆಯ ಗುಡ್ಡದಲ್ಲಿ ಹುಟ್ಟಿ, ಶಿಕಾರಿಪುರ ದಾಟಿ, ನಮ್ಮ ಮಾಸೂರಿನ ಮಗ್ಗುಲಲ್ಲಿ ಹಾದು, ರಟ್ಟೀಹಳ್ಳಿಯ ಮೇಲೆ ತುಂಗಭದ್ರೆಗೆ ಸೇರುವ ಕುಮುದ್ವತಿ ಸಾವಿರಾರು ವರ್ಷ ಉಸುಕನ್ನು ಹೊತ್ತು ತಂದು ಹಾಕಿದೆ. ಓಟಿಪಿ ಕೇಳಿಲ್ಲ. ಆದರೆ ಅದು ಬರೀ ಉಸುಕು. ಡಬ್ಬಿಯಲ್ಲಿ ಬಂದದ್ದು ಕೈನೆಟಿಕ್ ಸ್ಯಾಂಡ್. ಅದರಲ್ಲಿ ನೂರಕ್ಕೆ 98 ಭಾಗ ಉಸುಕು, 2 ಭಾಗ ಸಿಲಿಕೋನ್ ಎಣ್ಣೆ. ಹಿಂಡಿದರೆ ಮುದ್ದೆಯಾಗುತ್ತದೆ, ಬಿಟ್ಟರೆ ಮೆಲ್ಲಗೆ ಇಳಿಯುತ್ತದೆ, ಕೈಗೆ ಅಂಟುವುದಿಲ್ಲ. ಮಗುವಿನ ‘ಸಂವೇದನಾ ಬೆಳವಣಿಗೆ’ಗೆ ಬಹಳ ಒಳ್ಳೆಯದಂತೆ. ಹೊಳೆ ದಂಡೆಯಲ್ಲಿ ಗುಬ್ಬಿ ಗೂಡು ಕಟ್ಟಿ ಬೆಳೆದ ನನ್ನ ಸಂವೇದನೆ ಯಾಕೆ ಹೀಗೆ ಮೊಂಡಾಯಿತು ಎಂದು ಈಗ ಗೊತ್ತಾಯಿತು. ಆ ಎರಡು ಪರ್ಸೆಂಟ್ ಎಣ್ಣೆ ಬಿದ್ದಿರಲಿಲ್ಲ.

ಲೆಕ್ಕ ಹಾಕುವ ಚಟ ಕೆಟ್ಟದ್ದು. ನಮ್ಮಲ್ಲಿ ಉಸುಕನ್ನು ಅಳೆಯುವುದು ಬ್ರಾಸಿನಲ್ಲಿ. 100 ಘನ ಅಡಿಗೆ ಒಂದು ಬ್ರಾಸು, ತೂಕದಲ್ಲಿ ಹೆಚ್ಚೂಕಮ್ಮಿ 4.5 ಟನ್. ಕಿಲೋಕ್ಕೆ 800 ರೂಪಾಯಿಯಂತೆ ಒಂದು ಬ್ರಾಸಿಗೆ 36 ಲಕ್ಷವಾಯಿತು. ಈ ದರ ಹೊಳೆ ಬಗೆಯುವವರಿಗೆ ಇನ್ನೂ ತಿಳಿದಿಲ್ಲ, ತಿಳಿಯುವುದೂ ಬೇಡ.

ಹಾಗಾದರೆ ಮಗುವನ್ನು ಹೊಳೆಗೇ ಕರೆದುಕೊಂಡು ಹೋಗಬಾರದೇ ಎಂದು ಕೇಳಬೇಡಿ. ನಮ್ಮ ಜಿಲ್ಲೆಯ ಹೊಳೆಗಳಲ್ಲಿ ಉಸುಕಿದ್ದಲ್ಲಿ ಈಗ ಗುಂಡಿಗಳಿವೆ. ಉಸುಕು ಲಾರಿ ಹತ್ತಿ ಊರೂರಿಗೆ ಹೋಗಿ ಹದಿನಾಲ್ಕನೇ ಮಹಡಿಯ ಫ್ಲಾಟಿನ ನೆಲವಾಗಿದೆ. ಆ ನೆಲದ ಮೇಲೆ ಕೂತ ಮಗುವಿಗೆ ಆಡಲು ಉಸುಕಿಲ್ಲವಲ್ಲ ಎಂದು ಮರುಗಿದ ಯಾರೋ ಪುಣ್ಯಾತ್ಮರು ಅದಕ್ಕೆ ಎಣ್ಣೆ ಸವರಿ ಡಬ್ಬಿಗೆ ತುಂಬಿದರು. ಈಗ ಅದೇ ಡಬ್ಬಿ ತಿರುಗಿ ಮಾಸೂರಿಗೆ ಬಂದಿದೆ. ಹೋಗುವಾಗ ಲಾರಿಗಟ್ಟಲೆ ಹೋಗಿತ್ತು, ಬರುವಾಗ ಒಂದು ಕಿಲೋ ಆಗಿ ಬಂತು.

ಇಂಥ ಕಾಯಿಲೆಗಳೆಲ್ಲ ಬೆಂಗಳೂರಿನವು ಅಂತ ನಾವು ಹಳ್ಳಿಯವರು ಕಟ್ಟೆಗೆ ಕೂತು ಹೇಳಿಕೊಳ್ಳುತ್ತೇವೆ. ಸುಳ್ಳು. ನಾನು ಮಾಸೂರು ಬಿಟ್ಟು ಎಲ್ಲಿಗೂ ಹೋದವನಲ್ಲ. ನನ್ನ ಮನೆಯ ಅಟ್ಟದಲ್ಲಿ ಇರುವುದನ್ನು ಹೇಳುತ್ತೇನೆ ಕೇಳಿ. ಮಗು ನಡೆಯಲು ಕಲಿಯಲಿ ಎಂದು ತಂದ ಗಾಲಿ ವಾಕರ್ ಒಂದು. ಕೆನಡಾ ದೇಶ 2004ರಲ್ಲೇ ಇದರ ಮಾರಾಟ ನಿಷೇಧಿಸಿದೆ ಎಂದು ತಿಳಿದದ್ದು ಪುಟ್ಟ್ಯಾ ಅದರ ಸಮೇತ ಹೊಸ್ತಿಲಿನಿಂದ ಉರುಳಿದ ಮೇಲೆ. ಒತ್ತಿದರೆ ಹಾಡುವ ಆನೆ ಒಂದು, ಒತ್ತದಿದ್ದರೂ ಹಾಡುವ ಕಪ್ಪೆ ಒಂದು. ಪ್ಲೇ-ಡೋ ಎಂಬ ಬಣ್ಣದ ಹಿಟ್ಟು, ಎಂಟು ಡಬ್ಬಿ.

ಈ ಹಿಟ್ಟಿನ ಕಥೆ ಸ್ವಾರಸ್ಯವಾಗಿದೆ. ಅಮೆರಿಕದ ಸಿನ್ಸಿನಾಟಿಯಲ್ಲಿ ಗೋಡೆಗೆ ಅಂಟಿಸುವ ಕಾಗದದ ಮಸಿ ಒರೆಸಲು ಮಾಡಿದ್ದ ಹಿಟ್ಟು ಅದು. ಮನೆ ಬೆಚ್ಚಗಿಡಲು ಕಲ್ಲಿದ್ದಲು ಉರಿಸುವುದು ನಿಂತಿತು, ಮಸಿಯೂ ನಿಂತಿತು, ಹಿಟ್ಟು ಮಾರಾಟವಾಗದೆ ಕೂತಿತು. 1956ರಲ್ಲಿ ಅದನ್ನೇ ಮಕ್ಕಳ ಆಟಿಕೆ ಎಂದು ಮಾರಿದರು. ನಾನು ತಂದ ಎಂಟು ಬಣ್ಣವನ್ನೂ ಪುಟ್ಟ್ಯಾ ಎರಡೇ ದಿನದಲ್ಲಿ ಒಂದಕ್ಕೊಂದು ಕಲಸಿ ಒಂದು ಮುದ್ದೆ ಮಾಡಿದ. ಬಣ್ಣ ನೋಡಿದರೆ ತದ್ರೂಪ ನಮ್ಮ ಮದಗದ ಕೆರೆಯ ರಾಡಿ.

ಇನ್ನು ಜ್ಞಾನದ ವಿಷಯ. ಸರ್ವಜ್ಞ ನಮ್ಮವನೆಂದು ಮಾಸೂರು, ಅಬಲೂರಿನವರು ಹಿಂದಿನಿಂದಲೂ ಜಗ್ಗಾಡುತ್ತ ಬಂದಿದ್ದೇವೆ. ತಂದೆ ಮಾಸೂರಿನ ಬಸವರಸ, ತಾಯಿ ಅಬಲೂರಿನ ಕುಂಬಾರ ಮಾಳಿ ಎಂದು ಪ್ರತೀತಿ. ಅಂಥ ಊರಿನಲ್ಲಿ ಹುಟ್ಟಿದ ಮಗ ಮೂರು ವರ್ಷವಾದರೂ ಸರ್ವಜ್ಞನಾಗದಿದ್ದರೆ ಹೇಗೆ? ಅದಕ್ಕೇ ಫ್ಲ್ಯಾಶ್ ಕಾರ್ಡ್ ತರಿಸಿದೆ. ನೂರು ಹಣ್ಣು, ನೂರು ಪ್ರಾಣಿ, ನೂರು ವಾಹನ. ದಿನಾ ಬೆಳಿಗ್ಗೆ ಹತ್ತು ಕಾರ್ಡನ್ನು ಕಣ್ಣ ಮುಂದೆ ಸರ್ರನೆ ತೋರಿಸಬೇಕಂತೆ. ಈಗ ಅವನಿಗೆ ಕಿವಿ ಹಣ್ಣು ಗೊತ್ತು, ಡ್ರ್ಯಾಗನ್ ಹಣ್ಣು ಗೊತ್ತು. ಹಿತ್ತಲ ಪೇರಲ ಹಣ್ಣು ಕಿತ್ತು ಕೊಟ್ಟರೆ ‘ಅವಕಾಡೊ’ ಅನ್ನುತ್ತಾನೆ. ಕಂಡವರಿಂದೆಲ್ಲ ಕಲಿತೆ ಎಂದ ಆ ಕುಂಬಾರಗಿತ್ತಿಯ ಮಗನಿಗೆ ನೂರು ಕಾರ್ಡಿನ ಡಬ್ಬಿ ಸಿಕ್ಕಿದ್ದರೆ ಊರೂರು ಅಲೆಯುವ ತಾಪತ್ರಯ ತಪ್ಪುತ್ತಿತ್ತು. ನಮಗೂ ತ್ರಿಪದಿ ಬಾಯಿಪಾಠ ಮಾಡುವುದು ತಪ್ಪುತ್ತಿತ್ತು.

ರಜೆ ಬಂದರೆ ಸುತ್ತಾಟ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ, ಹೆದ್ದಾರಿಯ ಪಕ್ಕದಲ್ಲೇ ಉತ್ಸವ ರಾಕ್ ಗಾರ್ಡನ್ ಇದೆ. ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ್ದು. ಉತ್ತರ ಕರ್ನಾಟಕದ ಒಂದು ಇಡೀ ಹಳ್ಳಿಯೇ ಅಲ್ಲಿ ಶಿಲ್ಪವಾಗಿ ನಿಂತಿದೆ. ಎತ್ತು, ಎಮ್ಮೆ, ಕಟ್ಟೆ, ಸಂತೆ, ಕುಟ್ಟುವವರು, ಬೀಸುವವರು, ಆ ಕಡೆ ರಾಜಕುಮಾರ್ ಪಾತ್ರಗಳು. ಕಲಾವಿದರ ಕೈಚಳಕಕ್ಕೆ ಎರಡು ಮಾತಿಲ್ಲ. ಹಳ್ಳಿ ಇನ್ನು ಉಳಿಯುವುದಿಲ್ಲ, ಅಚ್ಚಾದರೂ ತೆಗೆದಿಡೋಣ ಎಂದು ಅವರಿಗೆ ನಮಗಿಂತ ಮೊದಲೇ ಹೊಳೆದಿತ್ತು. ನಗೆ ಬರುವುದು ನಮ್ಮನ್ನು ನೋಡಿದರೆ. ಮಾಸೂರಿನಿಂದ ಎರಡು ತಾಸಿಗೂ ಮೇಲೆ ಬಾಡಿಗೆ ಕಾರಿನಲ್ಲಿ ಕೂತು, ದಾರಿಯಲ್ಲಿ ಎರಡು ಸಲ ವಾಂತಿ ಒರೆಸಿ, ಟಿಕೆಟ್ ತೆಗೆಸಿ, ಮಗನಿಗೆ ನಾನು ತೋರಿಸಿದ್ದು ಎತ್ತು. ಪುಟ್ಟ್ಯಾ ಅದರ ಕೊರಳು ತಬ್ಬಿಕೊಂಡ. ಹದಿನಾರು ಫೋಟೋ ತೆಗೆದೆ. ಮರುದಿನ ನಮ್ಮ ಓಣಿಯಲ್ಲಿ ನಿಜವಾದ ಎತ್ತು ಕಂಡು ಚಿಟ್ಟನೆ ಚೀರಿ ಅವ್ವನ ಸೀರೆಯಲ್ಲಿ ಮುಖ ಮುಚ್ಚಿಕೊಂಡ. ಆ ಎತ್ತು ಅಲುಗಾಡುತ್ತಿತ್ತು.

ಬಂಕಾಪುರದ ಕೋಟೆಯಲ್ಲಿ ನವಿಲುಗಳಿವೆ, ಖಿಲಾರಿ ದನಗಳಿವೆ. ಸವಣೂರಿನಲ್ಲಿ ದೊಡ್ಡಹುಣಸೆ ಮರಗಳಿವೆ. ಆಫ್ರಿಕಾ ಮೂಲದ ಮರ, ಹತ್ತು ಮಂದಿ ಕೈಗೆ ಕೈ ಹಿಡಿದು ನಿಂತರೂ ಬುಡ ಸುತ್ತುಗಟ್ಟುವುದು ಕಷ್ಟ, ಮೂರು ವರ್ಷದ ಕೂಸಿಗೆ ಅದು ರಾಕ್ಷಸನ ಕಾಲು. ಅಲ್ಲಿಗೆ ಹೋಗಿಲ್ಲ. ಅಲ್ಲಿ ಜಾರುಬಂಡಿ ಇಲ್ಲ, ಮಳೆ ನೃತ್ಯ ಇಲ್ಲ, ಊಟದ ಪ್ಯಾಕೇಜ್ ಇಲ್ಲ. ರೊಕ್ಕ ಕೊಡದೆ ನೋಡಿದ್ದನ್ನು ಮಗುವಿಗೆ ತೋರಿಸಿದ ಲೆಕ್ಕಕ್ಕೆ ಹಿಡಿಯಲು ನಮ್ಮ ಮನಸ್ಸು ಒಪ್ಪುವುದಿಲ್ಲ.

ಮದಗದ ಕೆರೆ ಕೋಡಿ ಬಿದ್ದಾಗ ಮಾತ್ರ ಎಲ್ಲರೂ ಹೋಗುತ್ತೇವೆ, ರೀಲ್ಸ್ ಮಾಡಬೇಕಲ್ಲ. ನೀರಿಗೆ ಬೆನ್ನು ಮಾಡಿ ನಿಲ್ಲುತ್ತೇವೆ.

ತಿನ್ನುವುದರಲ್ಲಿ ನಾವು ಬಹಳ ಕಟ್ಟುನಿಟ್ಟು. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಬಾಂಬೆ ಮಿಠಾಯಿಗೂ ಗೋಬಿ ಮಂಚೂರಿಗೂ ರೊಡಮೈನ್-ಬಿ ಎಂಬ ಬಣ್ಣ ಹಾಕಬಾರದೆಂದು ನಿಷೇಧಿಸಿತು. ಆ ವರ್ಷದ ಜಾತ್ರೆಯಲ್ಲಿ ಪುಟ್ಟ್ಯಾ ಗುಲಾಬಿ ಮಿಠಾಯಿಗೆ ಕೈ ಚಾಚಿದಾಗ ಸರ್ಕಾರದ ಆದೇಶವನ್ನು ನಮ್ಮಾಕಿ ಅವನಿಗೆ ವಿವರಿಸಿದಳು. ಮನೆಗೆ ಬಂದು, ಅತ್ತ ಮಗನ ಸಮಾಧಾನಕ್ಕೆ ಹಾಲಿಗೆ ಎರಡು ಚಮಚ ಕಂದು ಪುಡಿ ಕಲಸಿ ಕೊಟ್ಟಳು. ಮರು ತಿಂಗಳು ಕೇಂದ್ರದ ವಾಣಿಜ್ಯ ಸಚಿವಾಲಯ ಬೋರ್ನ್‌ವಿಟಾ ಮುಂತಾದವನ್ನು ‘ಹೆಲ್ತ್ ಡ್ರಿಂಕ್’ ಸಾಲಿನಿಂದ ತೆಗೆಯಿರಿ ಎಂದು ಆನ್‌ಲೈನ್ ಅಂಗಡಿಗಳಿಗೆ ಹೇಳಿತು. ಆ ಆದೇಶವನ್ನು ನಾವು ಪುಟ್ಟ್ಯಾಗೆ ವಿವರಿಸಿಲ್ಲ. ಅವನಿನ್ನೂ ಸಣ್ಣವ.

ಇಷ್ಟೆಲ್ಲ ಇದ್ದರೂ ಪುಟ್ಟ್ಯಾ ಒಂದು ತುತ್ತು ಅನ್ನ ನುಂಗಬೇಕಾದರೆ ಬೇಕಾದದ್ದು ಒಂದೇ, ಫೋನು. 2 ವರ್ಷ ತುಂಬುವವರೆಗೆ ಪರದೆ ಬೇಡ, 2ರಿಂದ 4ರವರೆಗೆ ದಿನಕ್ಕೆ 1 ತಾಸು ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ನಾವು ಮೀರುವುದಿಲ್ಲ. ಬೆಳಗಿನ ಉಪ್ಪಿಟ್ಟಿಗೆ 1 ತಾಸು, ಮಧ್ಯಾಹ್ನದ ಅನ್ನಕ್ಕೆ 1 ತಾಸು, ರಾತ್ರಿಯ ರೊಟ್ಟಿ ಹಾಲಿಗೆ 1 ತಾಸು. ಹಾಡೆಲ್ಲ ಇಂಗ್ಲಿಷು. ಹಸು ‘ಮೂ’ ಅನ್ನುತ್ತದೆ ಎಂದು ಕಲಿತಿದ್ದಾನೆ. ಅವ್ವ ‘ಅಂಬಾ ಅಂತೈತೋ ಯಪ್ಪಾ’ ಎಂದು ತಿದ್ದಿದರೆ ನಗುತ್ತಾನೆ, ಅಜ್ಜಿಗೆ ಏನೂ ಗೊತ್ತಿಲ್ಲ. ನಮ್ಮ ಕೊಟ್ಟಿಗೆಯ ಗೌರಿ ಎದುರಿಗೇ ನಿಂತು ಅಂಬಾ ಎಂದರೂ ಅವನು ಒಪ್ಪಲಿಲ್ಲ. ಗೌರಿ ತಪ್ಪು ಹೇಳುತ್ತಿದೆಯಂತೆ.

ಒಂದು ದಿನ ಅವ್ವನಿಗೆ ರೇಗಿತು. ‘ನಾವೇನು ಮಕ್ಕಳನ್ನ ಸಾಕಿಲ್ಲೇನು?’ ಎಂದಳು. ನಾನೂ ಓದಿದವನಲ್ಲವೇ, ಇತಿಹಾಸ ತೆಗೆದೆ. ‘ಯವ್ವಾ, ನಮ್ಮೂರು ಮುಂಬಯಿ ಪ್ರಾಂತದಾಗ ಇದ್ದಾಗ, ಕೋಡ ತಾಲ್ಲೂಕು ಇತ್ತಲ್ಲ, ಆಗ ಮುಂಬಯಿ ಗಿರಣಿ ಕೆಲಸದ ಹೆಂಗಸರು ಕೂಸಿಗೆ ಬಾಳ ಗೋಳಿ ನುಂಗಿಸ್ತಿದ್ರು. ಅಫೀಮಿನ ಗುಳಿಗಿ. ನುಂಗಿಸಿ ಮಲಗಿಸಿ ಕೆಲಸಕ್ಕ ಹೋಗ್ತಿದ್ರು. ಅದಕ್ಕಿಂತ ಫೋನು ಪಾಡಲ್ಲೇನು?’

ಸುಳ್ಳಲ್ಲ. 1920ರ ದಶಕದಲ್ಲಿ ಮುಂಬಯಿಯ ವೈದ್ಯೆಯರು, ಅಧಿಕಾರಿಗಳು ಇದರ ಬಗ್ಗೆ ಬರೆದೂ ಬರೆದೂ ಸುಸ್ತಾಗಿದ್ದರು. ನನ್ನ ವಾದ ಗೆದ್ದಿತು ಅಂದುಕೊಂಡೆ. ಅವ್ವ ಒಂದೇ ಕೇಳಿದಳು:

‘ಅವರು ಗಿರಣಿಗೆ ಹೋಗ್ತಿದ್ರು. ನೀ ಎಲ್ಲಿಗೆ ಹೋಗ್ತಿ?’

ನಾನು ಎಲ್ಲಿಗೂ ಹೋಗುವುದಿಲ್ಲ. ಅವನು ಒಂದು ಫೋನು ಹಿಡಿದು ಕೂತರೆ ನಾನು ಇನ್ನೊಂದು ಫೋನು ಹಿಡಿದು ಅವನ ಪಕ್ಕದಲ್ಲೇ ಕೂತು, ಮಕ್ಕಳಿಗೆ ಫೋನು ಬಿಡಿಸುವ ಆಟಿಕೆಗಳನ್ನು ಹುಡುಕುತ್ತೇನೆ. ಆ ಉಸುಕು ಸಿಕ್ಕಿದ್ದೂ ಹಾಗೆಯೇ. ಅಟ್ಟದ ಮೇಲಿನ ಸರಂಜಾಮಿನ ಗುಟ್ಟೂ ಇಷ್ಟೇ. ವಾಕರ್ ಮಗುವಿಗಲ್ಲ, ಕೈ ಹಿಡಿದು ನಡೆಸುವ ನನ್ನ ಸೊಂಟಕ್ಕೆ. ಕಾರ್ಡು ಮಗುವಿಗಲ್ಲ, ‘ಇದೇನಪ್ಪಾ, ಅದ್ಯಾಕಪ್ಪಾ’ ಎಂದು ಅವನು ಕೇಳುವ ನೂರು ಪ್ರಶ್ನೆಗೆ ಹೆದರುವ ನನಗೆ. ಡಬ್ಬಿಯ ಮೇಲೆ ‘3 ವರ್ಷ ಮೇಲ್ಪಟ್ಟವರಿಗೆ’ ಎಂದು ಬರೆದಿರುತ್ತದಲ್ಲ, ನನಗೆ ಮೂವತ್ತೇಳು.

ಅಮಾವಾಸ್ಯೆಯ ದಿನ ಅವ್ವ ಎಲ್ಲಿಂದಲೋ ಒಂದು ಬುಟ್ಟಿ ಎರೆಮಣ್ಣು ತರಿಸಿ, ಕಲಸಿ, ಪುಟ್ಟ್ಯಾನನ್ನು ಎದುರಿಗೆ ಕೂರಿಸಿಕೊಂಡಳು. ಎರಡೆತ್ತು, ಒಂದು ಗ್ವಾದಲಿ. ಅವಳ ಎತ್ತಿಗೆ ಕೋಡು ಬಂತು, ಇಣಿ ಬಂತು. ಅವನ ಎತ್ತಿಗೆ ಆರು ಕಾಲು. ಆರು ಕಾಲು ಯಾಕೋ ಎಂದರೆ ‘ಓಡಾಕ’ ಎಂದ. ಅವನು ಅಷ್ಟು ಉದ್ದ ವಿಷಯವನ್ನು ಅಷ್ಟು ಸಣ್ಣ ಮಾತಿನಲ್ಲಿ ಹೇಳಿದ್ದು ಅದೇ ಮೊದಲು. ಖುಷಿಯಾಗಿ ಫೋಟೋ ತೆಗೆದೆ. ‘ಪರದೆಮುಕ್ತ ಬಾಲ್ಯ, ನಮ್ಮ ಮಣ್ಣು, ನಮ್ಮ ಹೆಮ್ಮೆ’ ಎಂದು ಬರೆದು ಹಾಕಿದೆ. ಫೋನು ಕಂಡದ್ದೇ ತಡ, ಪುಟ್ಟ್ಯಾ ‘ತೋರ್ಸು’ ಎಂದ. ಫೋಟೋ ತೋರಿಸಿದೆ. ಮಣ್ಣಿನ ಬೆರಳಲ್ಲಿ ಸರಿಸಿದ. ಎರಡನೇ ಸಲ ಸರಿಸುವಷ್ಟರಲ್ಲಿ ‘ಮೂ’ ಅನ್ನುವ ಹಸು ಬಂತು. ಆರು ಕಾಲಿನ ಎತ್ತನ್ನು ಅವ್ವನೇ ಜಗಲಿಯ ಮೇಲೆ ಇಟ್ಟು ಪೂಜೆ ಮಾಡಿದಳು.

ಇನ್ನು ಆ ಒಂದು ಕಿಲೋ ಉಸುಕು. ಅದನ್ನು ತಟ್ಟೆಗೆ ಸುರುವಿ ಪಡಸಾಲೆಯ ಮೂಲೆಯಲ್ಲಿ ಇಟ್ಟಿದ್ದೆವು. ಪುಟ್ಟ್ಯಾ ಮೊದಲ ದಿನ ಒಂದು ಹಿಡಿ ಬಾಯಿಗೆ ಹಾಕಿ ಉಗುಳಿದ. ಎರಡನೇ ದಿನ ಅತ್ತ ತಿರುಗಿಯೂ ನೋಡಲಿಲ್ಲ. ಮೂರನೇ ದಿನ ಬೆಳಿಗ್ಗೆ ನಮ್ಮಾಕಿ ಮೂಗು ಮುಚ್ಚಿಕೊಂಡು ನನ್ನನ್ನು ಎಬ್ಬಿಸಿದಳು. ಓಣಿಯ ಬೆಕ್ಕು ಅದರ ನಿಜವಾದ ಉಪಯೋಗ ಕಂಡುಹಿಡಿದಿತ್ತು. ಕೆಲಸ ಮುಗಿಸಿ ಅಚ್ಚುಕಟ್ಟಾಗಿ ಮುಚ್ಚಿ ಹೋಗಿತ್ತು ಕೂಡ. ಕಂಪನಿ ಹೇಳಿದ್ದು ನಿಜ, ಕಾಲಿಗೆ ಒಂದು ಹರಳೂ ಅಂಟಿರಲಿಲ್ಲ.

ಓದುಗರಲ್ಲಿ ಸಣ್ಣ ಮಕ್ಕಳಿದ್ದವರು ಯಾರಾದರೂ ಇದ್ದರೆ, ಕೊಡುವುದಿದೆ: ಕೈನೆಟಿಕ್ ಸ್ಯಾಂಡ್, ಒಂದು ಕಿಲೋಕ್ಕೆ ಸ್ವಲ್ಪ ಕಡಿಮೆ, ಒಂದೇ ಸಲ ಬಳಸಿದ್ದು. ಪ್ಲಾಸ್ಟಿಕ್ ಸಲಿಕೆ, ಕೋಟೆಯ ಅಚ್ಚು ಉಚಿತ. ಮಾಸೂರಿಗೆ ಬಂದು ಒಯ್ಯಬೇಕು. ಬರುವಾಗ ಯಾರಾದರೂ ಅರ್ಧ ಬ್ರಾಸ್ ಒಳ್ಳೆಯ ಉಸುಕು ಹೇರಿಕೊಂಡು ಬಂದರೆ ಅವರಿಗೇ ಮೊದಲ ಆದ್ಯತೆ. ಹಿತ್ತಲ ಗೋಡೆ ಇನ್ನೂ ಅರ್ಧಕ್ಕೇ ನಿಂತಿದೆ.