ನಿರಿಂಧನ ಪರ್ಯಟನ ಮೀಮಾಂಸೆ: ಒಂದು ಬಹುಶಿಸ್ತೀಯ ಅನುಸಂಧಾನ

ಕೀಲಿಪದಗಳು: ಇಂಧನ, ಸ್ಥಳೀಯತೆ, ಚಲನಶೀಲ ಅಸ್ಮಿತೆ, ಬನ್ನೂರು.

ಪ್ರಸ್ತಾವನೆ

ಜಾಗತೀಕರಣೋತ್ತರ ಸಂದರ್ಭದಲ್ಲಿ ಪೆಟ್ರೋಲೆಂಬುದು ಬರೀ ದ್ರವವಲ್ಲ, ಅದೊಂದು ಸಂಕಥನ. 2021ರ ಜೂನ್‌ನಲ್ಲಿ ಬೆಂಗಳೂರಿನ ಬಂಕುಗಳಲ್ಲಿ ಈ ಸಂಕಥನವು ಲೀಟರಿಗೆ ನೂರು ರೂಪಾಯಿ ದಾಟಿ ಮೂರಂಕಿಯ ತಾತ್ವಿಕತೆಯನ್ನು ಪಡೆಯಿತು. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರವು ಮಾರಾಟ ತೆರಿಗೆಯನ್ನು ಶೇ 25.92ರಿಂದ ಶೇ 29.84ಕ್ಕೆ ಏರಿಸಿ ಅದರ ಅರ್ಥಸಾಧ್ಯತೆಗಳನ್ನು ವಿಸ್ತರಿಸಿತು. ಕೇಂದ್ರದ ಅಬಕಾರಿ ಸುಂಕದ ಪಾಲು ಬೇರೆ. 2017ರಲ್ಲಿ ಜಿಎಸ್‌ಟಿ ಬಂದಾಗಿನಿಂದಲೂ ಪೆಟ್ರೋಲು ಅದರ ಹೊಸಿಲ ಹೊರಗೇ ನಿಂತಿದೆ. ಈ ಅಂಚಿನ ಸ್ಥಿತಿಯಲ್ಲಿ ಕೇಂದ್ರ ಮತ್ತು ರಾಜ್ಯಗಳೆಂಬ ಧ್ರುವಗಳು ಹಗಲೆಲ್ಲ ಒಂದನ್ನೊಂದು ಬೈದುಕೊಂಡು, ಸಂಜೆಗೆ ಸಂಪೂರ್ಣ ಸಹಮತದಿಂದ ದುಡ್ಡು ಎಣಿಸುತ್ತವೆ. ಇದನ್ನು ‘ದ್ವಂದ್ವಾತ್ಮಕ ಸಾಮರಸ್ಯ’ ಎಂದು ಕರೆಯಲು ಈ ಪ್ರಬಂಧ ಪ್ರಸ್ತಾಪಿಸುತ್ತದೆ. ಬಂಕಿನ ಹುಡುಗ ಮಾತ್ರ ಅದನ್ನು ‘ಝೀರೋ ನೋಡ್ಕೊಳ್ಳಿ ಸಾರ್’ ಎಂಬ ಒಂದೇ ಸೂತ್ರದಲ್ಲಿ ಮುಗಿಸುತ್ತಾನೆ.

ಪರಿಭಾಷೆ

ಸ್ಥಳೀಯ ತಾಣ: ‘ಅದೇನು, ಯಾವಾಗ ಬೇಕಾದರೂ ನೋಡಬಹುದು’ ಎಂದು ಒಂದು ಇಡೀ ತಲೆಮಾರು ನೋಡದೆ ಬಿಟ್ಟ ಜಾಗ. ಮೈಸೂರಿಗರ ಮಟ್ಟಿಗೆ ಸೋಮನಾಥಪುರ ಇದಕ್ಕೆ ಶಾಸ್ತ್ರೀಯ ಉದಾಹರಣೆ. ದೂರ ಸುಮಾರು 35 ಕಿಲೋಮೀಟರ್. ಲೀಟರಿಗೆ 15 ಕಿಲೋಮೀಟರ್ ಕೊಡುವ ಕಾರಿನಲ್ಲಿ ಹೋಗಿಬಂದರೆ ಐನೂರರ ನೋಟಿನಲ್ಲಿ ಚಿಲ್ಲರೆಯಷ್ಟೇ ಉಳಿಯುತ್ತದೆ. ಎಳನೀರು, ಪಾರ್ಕಿಂಗು, ಬನ್ನೂರಿನ ತಿಂಡಿ ಇವೆಲ್ಲ ಅನುಬಂಧಕ್ಕೆ ಸೇರಿದ ವಿಷಯಗಳು.

ಪರ್ಯಟಕರ ವರ್ಗೀಕರಣ

ಇಂಧನನಿಷ್ಠ ನೆಲೆಯಿಂದ ಪರ್ಯಟಕರನ್ನು ಹನ್ನೆರಡು ಬಗೆಯಾಗಿ ವಿಂಗಡಿಸಬಹುದು.

ಒಂದು, ಪೂರ್ಣೇಂಧನಿ. ಟ್ಯಾಂಕ್ ತುಂಬಿಸಿ ‘ಫುಲ್ ಮಾಡಪ್ಪ’ ಎನ್ನುವವನು. ಈ ಪ್ರಭೇದ ಅಳಿವಿನಂಚಿನಲ್ಲಿದೆ.

ಎರಡು, ರಿಸರ್ವೇಂಧನಿ. ಬೈಕನ್ನು ಒಂದು ಪಕ್ಕಕ್ಕೆ ವಾಲಿಸಿ, ಕಿವಿಯಿಟ್ಟು ಕೇಳಿ, ಒಳಗಿನ ದ್ರವದ ದನಿಯಿಂದಲೇ ಟಿ. ನರಸೀಪುರದ ತನಕ ಹೋಗಬಹುದೋ ಇಲ್ಲವೋ ಎಂದು ಹೇಳಬಲ್ಲ ನಾದಯೋಗಿ.

ಮೂರು, ಪರೇಂಧನಿ. ‘ನಾನೂ ಬರ್ತೀನಿ ಕಣೋ’ ಎಂದು ಹಿಂದಿನ ಸೀಟಿಗೆ ಹತ್ತಿ, ಬಂಕ್ ಹತ್ತಿರ ಬಂದಾಗ ಫೋನಿನಲ್ಲಿ ಮಾತಾಡುವವನು.

ನಾಲ್ಕು, ಬಿಲ್ಲೇಂಧನಿ. ತಾನು ಹಾಕಿಸದ ಪೆಟ್ರೋಲಿನಲ್ಲಿ, ಪೆಟ್ರೋಲ್ ಉಳಿಸುವ ವಿಷಯದ ಮೇಲೆ ಉಪನ್ಯಾಸ ಕೊಡಲು ಹೋಗುವವನು.

ಉಳಿದ ಎಂಟನ್ನು ಬಿಟ್ಟಿದ್ದೇನೆ. ನಾಲ್ಕನೆಯವನನ್ನು ಬರೆಯುವಷ್ಟರಲ್ಲಿ ಕೈ ನಡುಗಿತು. ವಿಶ್ವವಿದ್ಯಾಲಯವೊಂದರ ವಿಚಾರ ಸಂಕಿರಣದಲ್ಲಿ ಇಂಥವರೊಬ್ಬರು ‘ಸ್ಥಳೀಯ ಪ್ರವಾಸೋದ್ಯಮದ ಪರ್ಯಾಯ ಪರಿಪ್ರೇಕ್ಷ್ಯಗಳು’ ಕುರಿತು ಊಟದ ಹೊತ್ತು ದಾಟುವವರೆಗೆ ಮಾತಾಡಿದ್ದನ್ನು ಕೂತು ಕೇಳಿದ್ದೇನೆ. ಜನ ಹತ್ತಿರದ ಜಾಗಗಳನ್ನು ನೋಡಬೇಕಂತೆ. ಸರಳವಾಗಿ ಓಡಾಡಬೇಕಂತೆ. ಅವರ ಕಾರು ಹೊರಗೆ ಎಸಿ ಚಾಲೂ ಇಟ್ಟುಕೊಂಡೇ ಕಾಯುತ್ತಿತ್ತು. ಕೊನೆಗೆ ಅವರು, ‘ಈ ಫ್ರೀ ಬಸ್ ಬಂದಮೇಲೆ ಹೆಂಗಸರು ಊರೂರು ಅಲೆಯೋಕೆ ಶುರು ಮಾಡಿದ್ದಾರೆ’ ಎಂದರು. ಸಭೆ ನಕ್ಕಿತು. ಆಮೇಲೆ ಅವರು ಟಿಎ ಬಿಲ್ಲಿಗೆ ಸಹಿ ಹಾಕಿದರು.

ಕ್ಷೇತ್ರಕಾರ್ಯ

ವಿದ್ವಾಂಸ ಅಲೆದರೆ ಕ್ಷೇತ್ರಕಾರ್ಯ, ಹೆಂಗಸು ಅಲೆದರೆ ಬಿಟ್ಟಿ ತಿರುಗಾಟ. ಈ ಸಿದ್ಧಾಂತವನ್ನು ಪರೀಕ್ಷಿಸಲು ಮೈಸೂರಿನಿಂದ ಕೆಂಪು ಬಸ್ ಹತ್ತಿದೆ. ಬನ್ನೂರಿನಲ್ಲಿ ಇಳಿದು ಬೇರೆ ಬಸ್ ಹಿಡಿಯಬೇಕು. ಪ್ರಬಂಧದ ಭಾಷೆಯಲ್ಲಿ ಇದು ‘ಮಧ್ಯಂತರ ನೆಲೆ’. ಬನ್ನೂರು ಈವರೆಗೆ ಕುರಿಗೆ ಮಾತ್ರ ಪ್ರಸಿದ್ಧವಾಗಿತ್ತು. ಸೋಮನಾಥಪುರದ ಬಸ್ ಎಷ್ಟು ಹೊತ್ತಿಗೆ ಎಂದು ಕೇಳಿದ್ದಕ್ಕೆ ‘ಬತ್ತದೆ, ಕುಂತ್ಕಳಿ’ ಎಂಬ ಉತ್ತರ ಬಂತು. ಕೂರುವುದೆಲ್ಲಿ ಎಂಬುದು ಮುಂದಿನ ಸಂಶೋಧಕರಿಗೆ ಬಿಟ್ಟ ಪ್ರಶ್ನೆ.

ಪಕ್ಕದಲ್ಲಿ ನಾಲ್ಕೈದು ಹೆಂಗಸರ ಗುಂಪು. ಚೀಲದಲ್ಲಿ ಚಿತ್ರಾನ್ನ, ಕೈಯಲ್ಲಿ ಆಧಾರ್ ಕಾರ್ಡು. 2023ರ ಜೂನ್ 11ರಂದು ಹೆಂಗಸರ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಶುರುವಾದ ಮೇಲೆ ಕಂಡಕ್ಟರು ಇವರಿಗೆ ಶೂನ್ಯ ಮೊತ್ತದ ಟಿಕೆಟ್ ಹರಿದುಕೊಡುತ್ತಾರೆ. ಇಂಧನದ ಬೆಲೆ ಏರಿದಾಗ ಹತ್ತಿರದ ಜಾಗಗಳನ್ನು ನೋಡುವುದು ಹೇಗೆ ಎಂಬ ನಮ್ಮ ಮಹಾಪ್ರಶ್ನೆಗೆ ಅವರು ಯಾವ ಸಂಕಿರಣವೂ ಇಲ್ಲದೆ ಉತ್ತರ ಕಂಡುಕೊಂಡಿದ್ದರು. ಅವರಲ್ಲೊಬ್ಬರು ಹೇಳಿದರು: ‘ನಮ್ ಯಜಮಾನ್ರು ಇಸ್ಕೂಲಲ್ಲಿದ್ದಾಗ್ಲೇ ನೋಡವ್ರೆ. ನಾನು ಮದ್ವೆಯಾಗಿ ಇಲ್ಗೇ ಬಂದ್ರೂವೆ ಇವತ್ತೇ ನೋಡ್ತಿರದು.’

ಈ ವಾಕ್ಯಕ್ಕೆ ಅಡಿಟಿಪ್ಪಣಿ ಬರೆಯಲು ನನಗೆ ಬರುವುದಿಲ್ಲ.

ಸೋಮನಾಥಪುರದ ಗುಡಿಯೊಳಗೆ ಆ ಹೆಂಗಸರು ಒಂದೊಂದು ವಿಗ್ರಹದ ಮುಂದೆಯೂ ನಿಂತರು. ಹದಿಮೂರನೇ ಶತಮಾನದಲ್ಲಿ, ಹೊಯ್ಸಳ ಮೂರನೇ ನರಸಿಂಹನ ಕಾಲದಲ್ಲಿ, ದಂಡನಾಯಕ ಸೋಮನಾಥ ಕಟ್ಟಿಸಿದ ಗುಡಿ ಇದು. ಶಿಲ್ಪಿ ಮಲ್ಲಿತಮ್ಮ ತಾನು ಕೆತ್ತಿದ ಮೂರ್ತಿಗಳ ಕೆಳಗೆ ತನ್ನ ಹೆಸರು ಕೊರೆದಿದ್ದಾನೆ, ಪರಿಪ್ರೇಕ್ಷ್ಯವನ್ನು ಕೊರೆದಿಲ್ಲ. 2023ರಲ್ಲಿ ಬೇಲೂರು, ಹಳೇಬೀಡುಗಳ ಜೊತೆ ಇದೂ ಯುನೆಸ್ಕೋ ಪಟ್ಟಿಗೆ ಸೇರಿತು. ಇಡೀ ಪ್ರಪಂಚವನ್ನು ಬನ್ನಿ ಎಂದು ಕರೆದಾಯಿತು. ಆ ಪ್ರಪಂಚದಲ್ಲಿ ಕಾರಿಲ್ಲದವರು ಇದ್ದಾರೆಂದು ಕರೆದವರಿಗೆ ತೋಚಿಲ್ಲ. ನಮ್ಮ ಬಹುಪಾಲು ತಾಣಗಳಲ್ಲಿ ಪಾರ್ಕಿಂಗಿಗೆ ಎಕರೆಗಟ್ಟಲೆ ಜಾಗ, ಬಸ್ಸಿಗೆ ಕಾಯುವವರಿಗೆ ಒಂದು ಆಲದ ನೆರಳು, ಅದೂ ಮರದ ಪುಣ್ಯದಿಂದ. ಬಸ್ಸಿನ ವೇಳಾಪಟ್ಟಿ ಬರೆದ ಹಲಗೆ ಕಾಣುವುದು ಅಪರೂಪ. ಹೆಂಗಸರಿಗೆ ಟಿಕೆಟ್ ಶೂನ್ಯವಾಯಿತು ಸರಿ, ಆದರೆ ಬಸ್ಸೇ ಶೂನ್ಯವಾದರೆ ಆ ಟಿಕೆಟ್ ಇಟ್ಟುಕೊಂಡು ಏನು ಮಾಡುವುದು? ಗಂಡಸರಿಗಂತೂ 2025ರ ಜನವರಿಯಲ್ಲಿ ದರ ಶೇ 15ರಷ್ಟು ಏರಿತು. ಮಕ್ಕಳಿಗೆ ಪಕ್ಕದ ತಾಲ್ಲೂಕಿನ ಗುಡಿ ತೋರಿಸಲು ಲೆಕ್ಕ ಹಾಕಿ ಹಾಕಿ, ಕೊನೆಗೆ ‘ಮುಂದಿನ ವರ್ಷ ನೋಡೋಣ’ ಎನ್ನುವ ಅಪ್ಪಂದಿರು ಯಾವ ವರ್ಗೀಕರಣದಲ್ಲೂ ಬರುವುದಿಲ್ಲ. ಅವರು ಮನೆಯಲ್ಲೇ ಇರುತ್ತಾರೆ.

ಶಿಫಾರಸುಗಳು

ಮುಂದಿನ ಸಂಕಿರಣವನ್ನು ಸೋಮನಾಥಪುರದಲ್ಲೇ ನಡೆಸಿ. ಪ್ರಬಂಧ ಮಂಡಿಸುವವರೆಲ್ಲ ಬನ್ನೂರಿನಲ್ಲಿ ಬಸ್ ಬದಲಿಸಿಯೇ ಬರಬೇಕೆಂದು ಆಹ್ವಾನ ಪತ್ರಿಕೆಯಲ್ಲೇ ಅಚ್ಚು ಹಾಕಿಸಿ. ಟಿಎ ಬಿಲ್ಲಿಗೆ ಆ ಬಸ್ಸಿನ ಟಿಕೆಟ್ಟನ್ನೇ ಲಗತ್ತಿಸಲಿ. ಸಾರಿಗೆಯವರಲ್ಲಿ ಒಂದೇ ಮನವಿ: ಭಾನುವಾರಗಳಂದು ಬನ್ನೂರಿನಿಂದ ಇನ್ನೂ ನಾಲ್ಕು ಬಸ್ ಬಿಡಿ, ಹೊರಡುವ ಹೊತ್ತನ್ನು ಕಣ್ಣಿಗೆ ಕಾಣುವ ಕಡೆ ಕನ್ನಡದಲ್ಲಿ ಬರೆಸಿ.